ಉತ್ತರ ಬಾರದಿದ್ದರೆ ಒಪ್ಪಿಗೆ

ಗಂಡನ ಶವಪೆಟ್ಟಿಗೆಯ ಮೇಲೆ ನೈಜೆಲ್ ಹಾಸಿದ್ದ ನೀಲಿ ಜೆರ್ಸಿಯನ್ನು ವೈಲೆಟ್ ಎತ್ತಿಕೊಂಡಳು. ತೋಳುಗಳನ್ನು ಒಳಕ್ಕೆ ಮಡಚಿ, ಅವನ ಕೈಗೇ ವಾಪಸು ಕೊಟ್ಟಳು.

“ಇದು ಬೇಡ, ನೈಜೆಲ್.”

“ಕಾಲೇಜಿನ ಗೌರವ ಅಲ್ವಾ ವೈಲೆಟ್? ಇಡೀ ಕುವೈತ್ ಘಟಕದ ಪರವಾಗಿ...”

“ಇದನ್ನು ಹಾಕಿಕೊಂಡು ಡೋಲ್ಫಿ ಒಂದು ಸಲ ಕೂಡ ಕೋರ್ಟಿಗೆ ಇಳಿದದ್ದಿಲ್ಲ. ಈಗ ಎಂತಕ್ಕೆ?”

ಕೊನೆಯ ದರ್ಶನಕ್ಕೆ ಸಾಲಿನಲ್ಲಿ ನಿಂತಿದ್ದವರು ತಂತಮ್ಮ ಬೂಟುಗಳನ್ನು ನೋಡಿಕೊಂಡರು. ನೈಜೆಲ್ ಜೆರ್ಸಿಯನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ಸರಿದ. ಅವನ ಮೇಲೆ ಸಿಟ್ಟಾಗುವ ಹಕ್ಕು ತನಗಿಲ್ಲವೆಂದು ವೈಲೆಟ್‌ಗೆ ಗೊತ್ತಿತ್ತು. ಮೊನ್ನೆ ಬೆಳಿಗ್ಗೆ ಹವಲ್ಲಿಯ ರಸ್ತೆ ಬದಿಯಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಾ ನಿಂತ ಡೋಲ್ಫಿ ಅಲ್ಲೇ ಕುಸಿದಿದ್ದ. ಅಂದಿನಿಂದ ಪೊಲೀಸ್ ಠಾಣೆ, ರಾಯಭಾರ ಕಚೇರಿ, ವಿಮಾನದ ಕಾರ್ಗೋ ಎಂದು ಓಡಾಡಿ, ಇಂದು ರಾತ್ರಿಯ ಮಂಗಳೂರು ವಿಮಾನಕ್ಕೆ ಎಲ್ಲವನ್ನೂ ಸಿದ್ಧಪಡಿಸಿದವನು ನೈಜೆಲ್. ಅವನ ಗಡ್ಡ ಬೆಳೆದಿತ್ತು. ಅಂಗಿಯ ಕಾಲರಿನಲ್ಲಿ ಬೆವರು ಒಣಗಿ ಬಿಳಿ ಗೆರೆಗಳು ಮೂಡಿದ್ದವು.

ಶವಾಗಾರದ ಒಳಗೆ ಚಳಿ, ಬಾಗಿಲ ಹೊರಗೆ ಬೆಂಕಿಯಂಥ ಬಿಸಿಲು. ಯಾರಾದರೂ ಬಾಗಿಲು ತೆರೆದಾಗಲೆಲ್ಲ ಸ್ಟೀಲ್ ಚೌಕಟ್ಟಿನ ಮೇಲೆ ಮಂಜು ಕೂರುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಹೋಗುತ್ತಿತ್ತು. ವೈಲೆಟ್ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಅದನ್ನೇ ನೋಡುತ್ತಿದ್ದಳು. ಮಗಳು ಪರ್ಲ್ ಪಕ್ಕದಲ್ಲಿದ್ದಳು. ಅಪ್ಪನ ಫೋನು ಅವಳ ತೊಡೆಯ ಮೇಲಿತ್ತು. ಊರಿನಿಂದ ಬರುವ ಕರೆಗಳಿಗೆಲ್ಲ ಉತ್ತರಿಸುವ ಕೆಲಸ ಅವಳದ್ದು.

ಕುರ್ಚಿಯ ಹಿಂದಿನ ಕಂಬದ ಆಚೆ ಮೂವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

“ಐದು ಗಂಟೆಗೆ ಓಟಿನ ಟೈಮ್ ಖಲಾಸ್,” ಎಂದ ನೈಜೆಲ್. “ಆರು–ಐದು. ಆ ಲೊರೈನ್‌ಳನ್ನು ಬಿಡಿಸಿ ಬೇರೆ ಕೋಚ್ ತರುವ.”

“ಆರು ಎಲ್ಲಿಂದ ಬಂತು ಮಾರಾಯ?” ಬ್ಯಾಂಕಿನ ಗುರುಕಿರಣ್ ಕೇಳಿದ. “ಬೆಳಿಗ್ಗೆ ನೋಡಿದ್ದೇನೆ. ಐದು–ಐದು.”

“ಡೋಲ್ಫಿ ಉತ್ತರ ಕೊಟ್ಟಿಲ್ಲ ಅಲ್ವಾ? ಉತ್ತರ ಬಾರದಿದ್ದರೆ ಒಪ್ಪಿಗೆ. ರೂಲ್ ಹಾಗೆ ಉಂಟು.”

“ಮನುಷ್ಯ ಅಲ್ಲಿ ಮಲಗಿದ್ದಾನೆ, ನೈಜೆಲ್. ಅವನು ಎಲ್ಲಿಂದ ಉತ್ತರ ಕೊಡುದು?”

“ರೂಲ್ ಬರೆದದ್ದು ಅವನೇ.”

ಅದು ಸುಳ್ಳಲ್ಲ. ಊರಿನ ಕಾಲೇಜಿನ ವಾಲಿಬಾಲ್ ಕೋಚ್‌ಗೆ ಸಂಬಳ ಕೊಡುತ್ತಿದ್ದವರು ಕುವೈತಿನ ಹಳೆವಿದ್ಯಾರ್ಥಿಗಳು. ಆದ್ದರಿಂದ ಕೋಚ್ ಇರಬೇಕೇ, ಹೋಗಬೇಕೇ ಎನ್ನುವ ಮಾತೂ ಅವರದೇ. ಹನ್ನೊಂದು ಮಂದಿಯ ಸಮಿತಿಗೆ ನೈಜೆಲ್ ಅಧ್ಯಕ್ಷ, ಡೋಲ್ಫಿ ಕಾರ್ಯದರ್ಶಿ. ಒಂದು ವರ್ಷ ಪಿಕ್ನಿಕ್ಕಿಗೆ ಯಾರು ಬರುತ್ತಾರೆಂದು ಕೇಳಿದರೆ ಒಬ್ಬನೂ ಉತ್ತರಿಸದೆ, ಎಲ್ಲರೂ ಬಂದು, ಊಟ ಸಾಲದೆ ಜಗಳವಾಗಿತ್ತು. ಆಗ ಡೋಲ್ಫಿ ಗ್ರೂಪಿನಲ್ಲಿ ಬರೆದಿದ್ದ: ಹೇಳಿದ ಹೊತ್ತಿನೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯಲಾಗುವುದು.

“ನಮ್ಮ ಡೋಲ್ಫಿ ಪೊರ್ಬು ಅದನ್ನು ಬಿರಿಯಾನಿಗೆ ಅಂತ ಬರೆದದ್ದು,” ಎಂದ ಹಸೈನಾರ್. ಹವಲ್ಲಿಯಲ್ಲಿ ಅವನದೊಂದು ಮೊಬೈಲ್ ಅಂಗಡಿ. “ಕೋಚಿನ ಕುತ್ತಿಗೆ ಕೊಯ್ಯಲಿಕ್ಕೆ ಅಲ್ಲ.”

“ಇಡೀ ಸೀಸನ್ ಸೋತದ್ದು ಕಾಣುದಿಲ್ವಾ ನಿನಗೆ? ಒಳ್ಳೊಳ್ಳೆ ಸ್ಮ್ಯಾಶರ್‌ಗಳನ್ನು ಹೊರಗೆ ಹಾಕಿ, ಬಾಲ್ ಮುಟ್ಟಿ ಗೊತ್ತಿಲ್ಲದ ಮಕ್ಕಳನ್ನು ಆಡಿಸ್ತಾಳೆ.”

“ಬೆಳಿಗ್ಗೆ ಪ್ರಾಕ್ಟೀಸಿಗೆ ಬಾರದವರನ್ನು ಹೊರಗೆ ಹಾಕಿದ್ದು. ಒಬ್ಬ ಮಹಾರಾಜ ಹತ್ತು ಗಂಟೆಗೆ ಬುಲೆಟ್‌ನಲ್ಲಿ ಬರ್ತಿದ್ದನಂತೆ.”

“ಹತ್ತು ಗಂಟೆಗೆ ಬಂದರೂ ಅವನು ಬ್ಲಾಕಿನ ಮೇಲಿಂದ ಹೊಡೀತಾನೆ!”

“ಹೊಡೀಲಿಕ್ಕೆ ಬಾಲ್ ಬರಬೇಕಲ್ಲ ಭಾಯಿ. ಫಸ್ಟ್ ಪಾಸ್ ಯಾರು ತೆಗಿಯುದು, ನಿನ್ನ ಅಜ್ಜನಾ?”

“ಮೆಲ್ಲ, ಮೆಲ್ಲ,” ಎಂದ ಗುರುಕಿರಣ್. “ವರ್ಷಕ್ಕೊಬ್ಬ ಕೋಚನ್ನು ಓಡಿಸಿದ್ದೇವೆ. ನಮಗೆ ಟೀಮ್ ಕಟ್ಟಲಿಕ್ಕುಂಟಾ, ಕೋಚ್ ಬದಲಿಸಲಿಕ್ಕುಂಟಾ? ಅವಳಿಗೆ ಇನ್ನೊಂದು ವರ್ಷ ಕೊಡು.”

“ನಾವು ಕಪ್ ತಂದದ್ದು ಈಗಿನವರಿಗೆ ಕತೆ ಹೇಳಿದ ಹಾಗೆ ಆಗಿದೆ. ಸಾಯುವ ಮೊದಲು ಇನ್ನೊಂದು ಸಲ ನೋಡಬೇಕು ಅಂತ...” ನೈಜೆಲ್‌ನ ಮಾತು ಅಲ್ಲಿಗೇ ನಿಂತಿತು. ಮತ್ತೆ ಹೇಳಿದ: “ಡೋಲ್ಫಿಯ ನಂಬರಿನಿಂದ ಮೆಸೇಜ್ ಬಂದರೆ ಸರಿ, ಎಣಿಸುವ. ಇಲ್ಲದಿದ್ದರೆ ರೂಲ್ ರೂಲೇ. ನಾಳೆ ಬೆಳಿಗ್ಗೆ ಕಾಲೇಜಿನಲ್ಲಿ ಮೀಟಿಂಗ್. ಇವತ್ತೇ ತಿಳಿಸಬೇಕು.”

ವೈಲೆಟ್ ಮಗಳ ತೊಡೆಯ ಮೇಲಿದ್ದ ಫೋನನ್ನು ನೋಡಿದಳು.

*

ಮದುವೆಯಾಗಿ ಕುವೈತಿಗೆ ಬಂದ ಹೊಸತು. ಗೋಡೆಗೆ ನೇತುಹಾಕಿದ್ದ ಟೀಮಿನ ಫೋಟೋದಲ್ಲಿ ಗಂಡನನ್ನು ಹುಡುಕಿ, “ನೀವು ಯಾವ ಜಾಗದಲ್ಲಿ ಆಡ್ತಿದ್ದದ್ದು?” ಎಂದು ಅವಳು ಕೇಳಿದ್ದಳು.

“ಬೆಂಚಿನಲ್ಲಿ,” ಎಂದು ಅವನು ನಕ್ಕಿದ್ದ. “ಒಳ್ಳೆ ಜಾಗ. ಆಟ ಪೂರ್ತಿ ಕಾಣ್ತದೆ.”

ಉಳಿದದ್ದನ್ನು ಹೇಳಲು ಅವನಿಗೆ ಕೆಲವು ವರ್ಷಗಳೇ ಬೇಕಾದವು. ಎರಡು ವರ್ಷ ನೀರಿನ ಬಾಟ್ಲಿ ಹೊತ್ತಿದ್ದವನನ್ನು ಆಗಿನ ಕೋಚ್ ಕರೆದು, ಮುಂದಿನ ಮ್ಯಾಚಿನಲ್ಲಿ ನಿನ್ನನ್ನು ಸರ್ವ್‌ಗೆ ಇಳಿಸುತ್ತೇನೆ, ಅಭ್ಯಾಸ ಮಾಡಿಕೋ ಎಂದಿದ್ದರು. ಡೋಲ್ಫಿ ಒಂದು ವಾರ ಬೆಳಗಿನ ಪೂಜೆಗೂ ಹೋಗದೆ ಚರ್ಚಿನ ಹಿಂದಿನ ಗೋಡೆಗೆ ಸರ್ವ್ ಹೊಡೆದ. ಆ ಮ್ಯಾಚಿಗೆ ಮೊದಲೇ ಕೋಚನ್ನು ತೆಗೆದುಹಾಕಿದರು. ಟೀಮ್ ಸೋಲುತ್ತಿದೆ ಎಂದು ಹುಡುಗರೂ ಊರಿನವರೂ ಪ್ರಿನ್ಸಿಪಾಲರ ಬಾಗಿಲಿಗೆ ಹೋಗಿದ್ದರು. ಮುಂದೆ ನಿಂತವನು ಕ್ಯಾಪ್ಟನ್ ನೈಜೆಲ್. ಹೊಸ ಕೋಚ್ ತನ್ನ ಹುಡುಗರನ್ನು ತಂದರು, ಕಪ್ಪೂ ತಂದರು. ಫೋಟೋದಲ್ಲಿ ಆ ಕಪ್ ಇತ್ತು. ಡೋಲ್ಫಿ ಕೊನೆಯ ಸಾಲಿನಲ್ಲಿದ್ದ.

“ನೈಜೆಲ್‌ಗೆ ಗೊತ್ತಾ ಇದು?” ಎಂದು ಅವಳು ಕೇಳಿದ್ದಳು.

“ಅವನಿಗೆ ಎಂತಕ್ಕೆ ಗೊತ್ತಿರಬೇಕು?” ಎಂದಿದ್ದ ಡೋಲ್ಫಿ.

*

ನೈಜೆಲ್ ಬಂದು ಅವಳೆದುರು ಮೊಣಕಾಲೂರಿ ಕುಳಿತ. ಅವರ ಮಾತು ಕೇಳಿಸಿತೆಂದು ಅವಳ ಮುಖವೇ ಹೇಳುತ್ತಿತ್ತು.

“ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವನಿಗೂ ಸಾಕಾಗಿತ್ತು, ವೈಲೆಟ್. ಸೋತು ಸೋತು ಬೇಜಾರಾಗಿದೆ ಅಂತ ಹೋದ ವಾರ ನನ್ನ ಹತ್ತಿರವೇ ಹೇಳಿದ. ಆ ಕೋಚ್ ಬೇಕು ಅಂತಿದ್ದರೆ ಮೊದಲ ದಿನವೇ ಹಾಕ್ತಿರಲಿಲ್ವಾ ಓಟು?”

ವೈಲೆಟ್ ಪೆಟ್ಟಿಗೆಯ ಕಡೆ ನೋಡಿದಳು. ಡೋಲ್ಫಿ ಯಾವುದಕ್ಕೂ ಕೊನೆಯಲ್ಲೇ ಬಾಯಿ ತೆರೆಯುವವನು. ಎಲ್ಲರದ್ದೂ ಆಗಲಿ ಎನ್ನುತ್ತಿದ್ದ. ಮಗಳ ಶಾಲೆಯ ವಿಷಯದಲ್ಲೂ, ಮೀನಿನಂಗಡಿಯಲ್ಲೂ ಹಾಗೆಯೇ. ಕರೆ ಬರುವವರೆಗೆ ಬೆಂಚಿನಲ್ಲಿ ಕಾಯುವ ಅಭ್ಯಾಸ ಅವನನ್ನು ಬಿಟ್ಟಿರಲಿಲ್ಲ. ಆದರೆ ಈ ಸಲ ನಿಜಕ್ಕೂ ಸಾಕಾಗಿ ಸುಮ್ಮನಿದ್ದನೋ? ಸತ್ತವನ ಬಾಯಲ್ಲಿ ತಾನು ಮಾತು ತುರುಕಿದರೆ, ಅವನ ಮೌನವನ್ನು ಎಣಿಸುತ್ತಿರುವ ನೈಜೆಲ್‌ಗಿಂತ ತಾನು ಹೇಗೆ ಬೇರೆ?

“ಟಿಕೆಟ್, ಪಾಸ್‌ಪೋರ್ಟ್ ಎಲ್ಲ ನನ್ನ ಹತ್ತಿರ ಉಂಟು,” ಎನ್ನುತ್ತ ನೈಜೆಲ್ ಎದ್ದ. “ಏರ್‌ಪೋರ್ಟಿನವರೆಗೆ ನಾನೇ ಬರ್ತೇನೆ. ನೀವಿಬ್ಬರೂ ಹೆದರಬೇಡಿ.”

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು.

*

ತೀರಿಕೊಳ್ಳುವ ಹಿಂದಿನ ಸಂಜೆ ಡೋಲ್ಫಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ. ಕೈಯಲ್ಲಿ ಫೋನು, ಅದರಲ್ಲಿ ಕಾಲೇಜಿನವರು ಹಾಕಿದ ಮ್ಯಾಚಿನ ವಿಡಿಯೋ.

“ಇಲ್ಲಿ ನೋಡು.”

“ಬಂಗುಡೆ ಸೀದು ಹೋಗ್ತದೆ. ಗೆದ್ದರಾ?”

“ಇಲ್ಲ, ಸೋತರು. ಆಟ ನೋಡಬೇಡ, ಈ ಮೂಲೆ ನೋಡು.”

ಅವನ ಬೆರಳು ಬೆಂಚನ್ನು ತೋರಿಸುತ್ತಿತ್ತು. ಬೆಂಚಿನಲ್ಲಿ ಯಾರೂ ಕುಳಿತಿರಲಿಲ್ಲ, ಹುಡುಗರೆಲ್ಲ ನಿಂತಿದ್ದರು. ಲೊರೈನ್ ಒಬ್ಬ ಬಡಕಲು ಹುಡುಗನ ಬೆನ್ನು ತಟ್ಟಿ ಒಳಗೆ ಕಳಿಸಿದಳು. ಅವನ ಸರ್ವ್ ನೆಟ್ಟಿಗೆ ಬಡಿದು ಬಿತ್ತು. ತಲೆ ತಗ್ಗಿಸಿ ಹೊರಬಂದವನಿಗೆ ಅವಳು ಚಪ್ಪಾಳೆ ತಟ್ಟಿದಳು. ಡೋಲ್ಫಿ ಇನ್ನೊಂದು ವಿಡಿಯೋ ಹಾಕಿದ. ಅದು ಮುಂದಿನ ಮ್ಯಾಚು. ಅದೇ ಹುಡುಗ ಮತ್ತೆ ಸರ್ವ್‌ಗೆ ಇಳಿಯುತ್ತಿದ್ದ.

“ಪುನಃ ಕಳಿಸಿದಳು,” ಎಂದ ಡೋಲ್ಫಿ. “ನೋಡಿದೆಯಾ? ಪುನಃ ಕಳಿಸಿದಳು.”

ಬಂಗುಡೆಯ ಒಂದು ಬದಿ ಸೀದೇ ಹೋಯಿತು. ಅವನು ಅದನ್ನೇ ತನ್ನ ಬಟ್ಟಲಿಗೆ ಹಾಕಿಸಿಕೊಂಡ.

*

“ಫೋನ್ ಕೊಡು,” ಎಂದಳು ವೈಲೆಟ್.

ಪರ್ಲ್ ಕೊಟ್ಟಳು. ಅಮ್ಮ ಹಳೆವಿದ್ಯಾರ್ಥಿಗಳ ಗ್ರೂಪು ತೆರೆಯುವುದನ್ನು ಕಂಡು ಅವಳ ಕೈ ಹಿಡಿದಳು. “ಮಮ್ಮಿ, ಡೋಂಟ್. ನೈಜೆಲ್ ಅಂಕಲ್ ನಮಗೆ ಎವ್ರಿಥಿಂಗ್ ಮಾಡಿದ್ದಾರೆ. ಅಂಡ್ ಡ್ಯಾಡಿ ಇಸ್ ಗಾನ್.”

“ಅದಕ್ಕೇ ನಾನು ಬರೀತಿದ್ದೇನೆ. ನನ್ನ ಹೆಸರು ಹಾಕಿಯೇ ಬರೀತೇನೆ.”

ವೈಲೆಟ್ ಒಂದೊಂದೇ ಅಕ್ಷರ ಒತ್ತಿದಳು: ‘ಬರೀತಿರುವುದು ವೈಲೆಟ್. ಡೋಲ್ಫಿಯ ಉತ್ತರ: ಕೋಚ್ ಇರಲಿ.’

ಶವಾಗಾರದ ನೌಕರ ಒಳಗೆ ಬಂದು ಬೇಗ ಹೊರಡಿ ಎಂದು ಕೈಬೀಸಿದ. “ಯಲ್ಲಾ, ಯಲ್ಲಾ.” ಹೊರಗೆ ಗಾಡಿ ಬಂದಿತ್ತು. ಮುಚ್ಚಳ ಹಾಕಿ ಮೊಳೆ ಹೊಡೆದರು. ಪರ್ಲ್ ಮುಖ ಮುಚ್ಚಿಕೊಂಡಳು. ಸಮಿತಿಯವರೇ ಆರು ಜನ ಮುಂದೆ ಬಂದರು. ಎದುರಿನ ಎರಡು ಮೂಲೆಗಳಿಗೆ ನೈಜೆಲ್ ಮತ್ತು ಗುರುಕಿರಣ್, ನಡುವೆ ಹಸೈನಾರ್. ಪೆಟ್ಟಿಗೆಯ ಅಂಚು ಹೆಗಲಿಗೆ ಒತ್ತದಿರಲೆಂದು ನೈಜೆಲ್ ಕಂಕುಳಿನ ಜೆರ್ಸಿಯನ್ನು ತೆಗೆದು, ಮಡಿಕೆ ಬಿಚ್ಚದೆ ಹೆಗಲ ಮೇಲಿಟ್ಟುಕೊಂಡ.

“ಒಟ್ಟಿಗೆ ಎತ್ತುವ,” ಎಂದ. “ಅವನಿಗೆ ಅಲುಗಬಾರದು.”

ವೈಲೆಟ್‌ಳ ಹೆಬ್ಬೆರಳು ಫೋನಿನ ಗಾಜಿನ ಮೇಲೆ ತಡೆಯಿತು. ಬೆವರಿನಲ್ಲಿ ಬಿಳಿಚಿದ ನೈಜೆಲ್‌ನ ಕಾಲರನ್ನು ಅವಳು ಒಮ್ಮೆ ನೋಡಿದಳು.

ಪೆಟ್ಟಿಗೆ ಮೇಲೆದ್ದು ಹೆಗಲುಗಳ ಮೇಲೆ ನಿಂತಿತು. ಗಂಟೆ ಐದು ಇನ್ನೂ ಆಗಿರಲಿಲ್ಲ. ಅವಳು ‘ಸೆಂಡ್’ ಒತ್ತಿದಳು.

ಮೊದಲು ಹಸೈನಾರ್‌ನ ಜೇಬು ಗುಂಯ್‌ಗುಟ್ಟಿತು. ಆಮೇಲೆ ಗುರುಕಿರಣ್‌ನದ್ದು, ಹಿಂದಿನವರದ್ದು, ಕೊನೆಗೆ ನೈಜೆಲ್‌ನದ್ದು. ಆರು ಜನರ ಕೈಗಳೂ ಮೇಲಿದ್ದವು, ಯಾರಿಗೂ ಜೇಬು ಮುಟ್ಟುವಂತಿರಲಿಲ್ಲ. ನೈಜೆಲ್ ಕತ್ತು ತಿರುಗಿಸಿದ. ವೈಲೆಟ್‌ಳ ಕೈಯಲ್ಲಿ ಇನ್ನೂ ಬೆಳಗುತ್ತಿದ್ದ ಡೋಲ್ಫಿಯ ಫೋನು ಅವನಿಗೆ ಕಂಡಿತು. ಅವನ ಕಡೆಯ ಮೂಲೆ ಒಂದಿಷ್ಟು ಕೆಳಗೆ ಜಗ್ಗಿತು. ಜೆರ್ಸಿ ಪೆಟ್ಟಿಗೆಯಡಿಯಿಂದ ಜಾರತೊಡಗಿತು.

ಅವನು ಗಲ್ಲದಿಂದ ಅದನ್ನು ಒತ್ತಿ ಹಿಡಿದು, ಹೆಗಲನ್ನು ಮೇಲಕ್ಕೆತ್ತಿ ಪೆಟ್ಟಿಗೆಯನ್ನು ಸಮಕ್ಕೆ ತಂದ. ಬಾಗಿಲು ತೆರೆಯಿತು. ಆರು ಜನರೂ ಒಂದೇ ಹೆಜ್ಜೆಯಲ್ಲಿ ಬಿಸಿಲಿಗಿಳಿದರು.