ಬಯಲಿನ ಬಗ್ಗೆ ಟೇಪಣ್ಣನ ಮನೆಯವರು ಹೇಳಿದ್ದು

ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ್ದ ಪ್ರಕಟಣೆಯನ್ನು ಆ ಬೀದಿಯಲ್ಲಿ ಯಾರೂ ಓದಿರಲಿಲ್ಲ. ಎಲ್ಲರೂ ಅದಕ್ಕೆ ಬೆನ್ನು ಕೊಟ್ಟು ನಿಂತು ಬಸ್ಸಿನ ದಾರಿ ಕಾಯುತ್ತಿದ್ದರು. ಒಂದು ದಿನ ಬಸ್ಸು ಬರಲೇ ಇಲ್ಲ. ಕಾದು ಕಾದು ಬೇಸತ್ತ ಬೇಕರಿಯವನು, ಓದಲು ಬೇರೇನೂ ಇಲ್ಲದ್ದರಿಂದ, ತಿರುಗಿ ಅದನ್ನೇ ಓದಿದ.

ಊರಂಚಿನ ಬಯಲಿನಲ್ಲಿ ಮನೆಗಳ ಬಡಾವಣೆಯೊಂದನ್ನು ಕಟ್ಟುವ ಪ್ರಸ್ತಾವ ಇದೆ ಎಂದು ಅದರಲ್ಲಿತ್ತು. ಆ ಬಯಲು ಹಸಿರು ವಲಯಕ್ಕೆ ಸೇರಿದ್ದು. ಅಂದರೆ, ಊರು ಹಬ್ಬುತ್ತ ಹೋಗಿ ಪಕ್ಕದ ಊರಿಗೆ ಅಂಟಿಕೊಳ್ಳಬಾರದೆಂದು ಏನೂ ಕಟ್ಟದೆ ಹಾಗೇ ಬಿಟ್ಟ ಜಾಗ. ನಕ್ಷೆ ಗ್ರಂಥಾಲಯದಲ್ಲಿದೆ, ಯಾರು ಬೇಕಾದರೂ ನೋಡಬಹುದು, ತಿಂಗಳು ಮುಗಿಯುವುದರೊಳಗೆ ನಿವಾಸಿಗಳು ತಮ್ಮ ಅಭಿಪ್ರಾಯ ಬರೆದು ಕೊಡಬಹುದು ಎಂದೂ ಇತ್ತು.

ಸುದ್ದಿ ಟೇಪಣ್ಣನ ಅಂಗಡಿಯನ್ನು ಬಸ್ಸಿಗಿಂತ ಮೊದಲೇ ಮುಟ್ಟಿತು.

ಟೇಪಣ್ಣ ಆ ಬೀದಿಯ ದರ್ಜಿ. ಅಳತೆಯ ಟೇಪು ಸದಾ ಕೊರಳಲ್ಲೇ ಇರುತ್ತಿದ್ದರಿಂದ ಆ ಹೆಸರು ಬಂದಿತ್ತು. ಮಲಗುವಾಗಲೂ ತೆಗೆಯುವುದಿಲ್ಲ ಎಂದು ಹೆಂಡತಿಯೇ ಚಾಡಿ ಹೇಳಿದ್ದಳು. ಅಂಗಡಿ ಬೀದಿಗಿಂತ ಎರಡು ಮೆಟ್ಟಿಲು ಕೆಳಗೆ. ಒಳಗೆ ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳಿಗೊಂದು ಬೆಂಚು. ಆ ವಾರ ಬೆಂಚಿನ ಮೇಲೆ ಕೂತವರೆಲ್ಲ ಬಯಲಿನ ಮಾತನ್ನೇ ಆಡಿದರು. ಮನೆಗಳು ಬಂದರೆ ಅಂಗಡಿಗಳೂ ಬರುತ್ತವೆ ಎಂದು ಒಬ್ಬರು, ನಾಯಿ ಕರೆದುಕೊಂಡು ಓಡಾಡಲು ಜಾಗ ಎಲ್ಲಿ ಎಂದು ಇನ್ನೊಬ್ಬರು. ಟೇಪಣ್ಣನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಹಾಗಾಗಿ ಎಲ್ಲರಿಗೂ 'ಹೂಂ' ಎಂದ. ಬೇಕು ಅಂದವರೂ ಬೇಡ ಅಂದವರೂ ಟೇಪಣ್ಣ ತಮ್ಮ ಕಡೆ ಎಂದುಕೊಂಡು ಮೆಟ್ಟಿಲು ಹತ್ತಿದರು.

ಸೂಜಿ ತೆಗೆದ ಮೇಲೆ ಅವನ ಬಾಯಲ್ಲಿ ಉಳಿಯುತ್ತಿದ್ದ ಮಾತು ಬೇರೆ. ಮಳೆಗಾಲದಲ್ಲಿ ಮೇಲಿನ ದಿಣ್ಣೆಯಿಂದ ಇಳಿಯುವ ನೀರು ಬಯಲಿನ ತಗ್ಗಿನಲ್ಲಿ ನಿಂತು, ನಿಧಾನವಾಗಿ ಇಂಗುತ್ತದೆ. ಒಂದು ವರ್ಷ ರಸ್ತೆ ಕೆಲಸದವರು ಆ ತಗ್ಗಿನಲ್ಲಿ ಮಣ್ಣು ಸುರಿದು ರಾಶಿ ಹಾಕಿದ್ದರು. ಆ ಮಳೆಗೆ ನೀರು ನೇರ ಅಂಗಡಿಯ ಮೆಟ್ಟಿಲಿಳಿಯಿತು. ಯಂತ್ರವನ್ನು ಮೇಜಿನ ಮೇಲೆ ಎತ್ತಿಟ್ಟು, ಗಂಡ ಹೆಂಡತಿ ಇಬ್ಬರೂ ಬಕೆಟ್ಟಿನಲ್ಲಿ ನೀರು ಮೊಗೆದಿದ್ದರು. ಮಣ್ಣು ತೆಗೆದ ಮೇಲೆ ಮತ್ತೆ ಹಾಗಾಗಲಿಲ್ಲ. ಈಗ ಆ ತಗ್ಗಿನ ಮೇಲೆ ಮನೆಗಳೇ ನಿಂತರೆ, ಮೊಗೆಯುವ ಕೆಲಸ ಪ್ರತಿ ವರ್ಷದ್ದು. ಅಂಗಡಿಯನ್ನೇ ಮುಚ್ಚಬೇಕಾದೀತು.

ಆದರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಮಗಳಿದ್ದಳು. ಒಂದೇ ಕೋಣೆಯಲ್ಲಿ ಅವಳು, ಬಸ್ ಓಡಿಸುವ ಅಳಿಯ, ಹಲ್ಲು ಬರುತ್ತಿದ್ದ ಕೂಸು. ಅಳಿಯ ನಸುಕಿನ ಪಾಳಿಗೆ ಏಳುವಾಗ ಕೂಸೂ ಏಳುತ್ತಿತ್ತು. ಕೂಸು ಮಲಗಿದಾಗ ಕೆಳಗೆ ಯಂತ್ರ ನಿಲ್ಲಿಸಬೇಕಾಗುತ್ತಿತ್ತು. ಊರಿಡೀ ಹುಡುಕಿದರೂ ಅವರ ಕೈಗೆಟಕುವ ಬಾಡಿಗೆ ಮನೆ ಸಿಕ್ಕಿರಲಿಲ್ಲ. ಬಯಲಲ್ಲಿ ಮನೆ ಕಟ್ಟುತ್ತಾರಂತೆ ಎಂದು ಕೇಳಿದ ದಿನ ಅವಳ ಮುಖ ಅರಳಿದ್ದನ್ನು ಟೇಪಣ್ಣ ನೋಡಿದ್ದ. ನೋಡಿಯೂ ನೋಡದ ಹಾಗೆ ದಾರ ಪೋಣಿಸಿದ್ದ. ಅಂದಿನಿಂದ ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

ಬೀದಿಯವರೆಲ್ಲ ಲೈಬ್ರರಿ ಅಕ್ಕ ಎಂದು ಕರೆಯುವ ಗ್ರಂಥಪಾಲಕಿ ಒಂದು ಮಧ್ಯಾಹ್ನ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಳು. ನಕ್ಷೆ ನೋಡಲು ಒಬ್ಬರೂ ಬರುತ್ತಿಲ್ಲ, ನೀನಾದರೂ ಬಾ ಎಂದಳು.

ಟೇಪಣ್ಣ ನಕ್ಕ. "ಅಕ್ಕ, ಎಲ್ಲಾ ಮೊದಲೇ ಹೊಲಿದು ಇಟ್ಟಿರ್ತಾರೆ. ನಮ್ಮನ್ನ ಕರೆಯೋದು ಗುಂಡಿ ಹಾಕೋಕೆ."

"ಇನ್ನೂ ಬಟ್ಟೆ ಕತ್ತರಿಸಿಲ್ಲ, ಅಳತೆ ತಗೋತಿದ್ದಾರೆ. ಆಮೇಲೆ ಬಿಗಿ ಆಯ್ತು ಅಂದ್ರೆ ಯಾರ ತಪ್ಪು?"

ತನ್ನ ಕಸುಬಿನ ಮಾತನ್ನೇ ತನಗೆ ತಿರುಗಿಸಿದ್ದು ಟೇಪಣ್ಣನಿಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೂ ಅದು ಅವನ ತಲೆಯಿಂದ ಹೋಗಲಿಲ್ಲ.

ಬೇಕರಿಯವನು ಉಪಾಯ ಹೇಳಿದ. ಟೇಪಣ್ಣನ ಅಕ್ಷರ ಚಂದ. ಬಯಲು ಉಳಿಸಿ ಎಂದು ಅವನೇ ಒಂದು ಪತ್ರ ಬರೆಯಲಿ, ಅದರ ಜೆರಾಕ್ಸ್ ತೆಗೆಸಿ ಎಲ್ಲರ ಸಹಿ ಹಾಕಿಸೋಣ. ಟೇಪಣ್ಣನಿಗೆ ಇದು ಒಪ್ಪಿಗೆಯಾಯಿತು. ಶಾಲೆಯ ಸಮವಸ್ತ್ರ ಹೊಲಿಯುವಾಗ ಅವನು ಮಾಡುತ್ತಿದ್ದುದೂ ಇದನ್ನೇ: ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಹಾಸಿ, ಮೇಲೊಂದು ಕಾಗದದ ಮಾದರಿ ಇಟ್ಟು, ಒಂದೇ ಸಲ ಕತ್ತರಿ ಓಡಿಸುವುದು. ಕೂತು ಬರೆದ. ಪ್ರಕೃತಿ ನಮ್ಮ ತಾಯಿ, ತಾಯಿಯನ್ನು ಮಾರಬೇಡಿ, ಮುಂದಿನ ಪೀಳಿಗೆ ನಿಮ್ಮನ್ನು ಕ್ಷಮಿಸುವುದಿಲ್ಲ, ಹೀಗೆ. ಓದಿಕೊಂಡಾಗ ಅವನ ಕಣ್ಣೇ ಒದ್ದೆಯಾಯಿತು. ಬೀದಿಯವರು ಪ್ಯಾಂಟು ಕೊಟ್ಟು ಹೋಗುವಾಗ ಒಂದು ಸಹಿ, ಅಂಗಿ ತೆಗೆದುಕೊಂಡು ಹೋಗುವಾಗ ಒಂದು ಸಹಿ ಹಾಕಿದರು. ಕೆಲವರು ಓದಲೂ ಇಲ್ಲ.

ಮನೆಯವರಿಗೂ ಒಂದೊಂದು ಪ್ರತಿ ಎತ್ತಿಟ್ಟ. ಮಗಳ ಪ್ರತಿಯಲ್ಲಿ ಅವಳ ಹೆಸರನ್ನೂ ವಿಳಾಸವನ್ನೂ ತಾನೇ ತುಂಬಿ, ಸಹಿಯ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದ.

ಮಗಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತು ಓದಿದಳು. ಮುಗಿದ ಮೇಲೆ ಕಾಗದವನ್ನು ಮೇಜಿನ ಮೇಲೆ, ಕತ್ತರಿಯ ಪಕ್ಕ ಇಟ್ಟಳು.

"ಅಪ್ಪಾ, ಇದು ನನ್ನ ಅಳತೆಗೆ ಹೊಲಿದಿದ್ದಲ್ಲ."

"ಒಂದೇ ಮನೆಯವರು ಕಣಮ್ಮ. ಎರಡು ಮಾತು ಬೇಡ ಅಂತ."

"ನೀನು, ನಾನು ಒಂದೇ ಅಂಗಿ ಹಾಕ್ತೀವಾ? ನನಗೆ ಮನೆ ಬೇಕು. ಅದನ್ನ ನಿನ್ನ ಹತ್ರ ಹೇಳೋಕೂ ಆಗ್ತಿಲ್ಲ, ಇಲ್ಲಿ ಬರೆಯೋಕೂ ಆಗ್ತಿಲ್ಲ." ಅವಳ ದನಿ ಏರಲಿಲ್ಲ. "ಅದಿರಲಿ, ಅಂಗಡಿಗೆ ನೀರು ನುಗ್ಗಿದ್ದು ಇದರಲ್ಲಿ ಎಲ್ಲಿದೆ?"

ಟೇಪಣ್ಣ ಪತ್ರ ಎತ್ತಿ ನೋಡಿದ. ತಾಯಿ ಇದ್ದಳು, ಪೀಳಿಗೆ ಇತ್ತು. ನೀರು ಎಲ್ಲೂ ಇರಲಿಲ್ಲ.

ಆ ಹೊತ್ತಿಗೇ ಕೋಟು ಒಯ್ಯಲು ಬಂದ ಲೈಬ್ರರಿ ಅಕ್ಕ ಪತ್ರಗಳ ಕಟ್ಟನ್ನು ತಿರುವಿ ಹಾಕಿದಳು. ಅವಳು ಯಾರನ್ನೂ ಹಂಗಿಸುವವಳಲ್ಲ. ಇಷ್ಟೇ ಹೇಳಿದಳು: ಯೋಜನಾ ಕಚೇರಿಯವರು ಒಂದೇ ಥರದ ಪತ್ರಗಳನ್ನೆಲ್ಲ ಒಟ್ಟುಮಾಡಿ ಒಂದೇ ಅಭಿಪ್ರಾಯ ಎಂದು ಪಕ್ಕಕ್ಕಿಡುತ್ತಾರೆ. ಕಾರಣ ಇರುವ ಪತ್ರಕ್ಕೆ ಮಾತ್ರ ಅವರು ಉತ್ತರ ಹುಡುಕಬೇಕಾಗುತ್ತದೆ. ಬೇಡ ಅನ್ನುವವರಷ್ಟೇ ಬರೆಯಬೇಕು ಅಂತಲೂ ಇಲ್ಲ. ಬೇಕು ಅನ್ನುವವರೂ ಬರೆಯಬಹುದು, ಹೀಗಿದ್ದರೆ ಬೇಕು, ಹಾಗಿದ್ದರೆ ಬೇಡ ಅನ್ನುವವರೂ ಬರೆಯಬಹುದು.

"ಮಗಳು ಬೇಕು ಅಂತ ಬರೆದು, ಅಪ್ಪ ಬೇಡ ಅಂತ ಬರೆದ್ರೆ ನಗೋದಿಲ್ವೇನಕ್ಕ?" ಎಂದ ಟೇಪಣ್ಣ.

"ನಗೋದಕ್ಕೆ ಅವರು ನಿನ್ನ ಬೆಂಚಿನ ಮೇಲೆ ಕೂತಿಲ್ಲ. ನಡಿ, ನಕ್ಷೆ ನೋಡು ಮೊದಲು."

ಅಂಗಡಿಗೆ ಬಾಗಿಲು ಹಾಕಿ ಎಲ್ಲರೂ ಹೊರಟರು. ಗ್ರಂಥಾಲಯದ ಉದ್ದನೆಯ ಮೇಜಿನ ಮೇಲೆ ನಕ್ಷೆ ಹಾಸಿತ್ತು. ಟೇಪಣ್ಣ ಅಭ್ಯಾಸಬಲದಿಂದ ಮೊದಲು ಅದರ ಸುಕ್ಕು ನೀವಿದ. ಬಯಲು ಒಂದೇ ಸಮನಾದ ತಿಳಿ ಹಸಿರು ಬಣ್ಣದಲ್ಲಿತ್ತು, ಅದರ ಮೇಲೆ ಮನೆಗಳ ಪುಟ್ಟ ಚೌಕಗಳು. ಅವನು ತಗ್ಗನ್ನು ಹುಡುಕಿದ. ಅದು ಇರಲಿಲ್ಲ. ನೀರು ನಿಲ್ಲುವಲ್ಲಿ ಮಕ್ಕಳ ಆಟದ ಅಂಗಳ, ಅದರ ಸುತ್ತ ಮನೆಗಳು.

"ಇವರಿಗೆ ಗೊತ್ತೇ ಇಲ್ಲ," ಎಂದ.

"ಬೇಸಿಗೆಯಲ್ಲಿ ಬಂದು ನೋಡಿ ಹೋಗಿರ್ತಾರೆ," ಎಂದಳು ಲೈಬ್ರರಿ ಅಕ್ಕ. "ನಿನಗೆ ಗೊತ್ತಲ್ಲ. ನೀನು ಹೇಳ್ಬೇಕು."

ಮಗಳು ನಕ್ಷೆಯ ಮೇಲ್ಭಾಗದಲ್ಲಿ ಬೆರಳಿಟ್ಟಳು. ದಿಣ್ಣೆಯ ಪಕ್ಕದ, ಬಸ್ಸಿನ ರಸ್ತೆಗೆ ಅಂಟಿದ ಅಂಚು. ಅಲ್ಲಿ ನೀರು ನಿಲ್ಲುವುದಿಲ್ಲ. ಅದರಾಚೆ ಬೀಗ ಹಾಕಿದ ಹಳೆಯ ನೂಲಿನ ಗಿರಣಿ. ಎಷ್ಟೋ ವರ್ಷದಿಂದ ಖಾಲಿ ಬಿದ್ದಿದೆ, ಹಸಿರು ವಲಯಕ್ಕೂ ಸೇರಿಲ್ಲ. ಅಪ್ಪ ಅವಳ ಬೆರಳನ್ನೇ ನೋಡುತ್ತ ನಿಂತ. ಮನೆ ಬೇಕು ಅಂದರೆ ಅಂಗಡಿ ಮುಳುಗಲಿ ಅಂದ ಹಾಗೆ ಎಂದು ಅವನು ಅಷ್ಟು ದಿನ ತಿಳಿದುಕೊಂಡಿದ್ದ.

ಅಂದು ಸಂಜೆ ಕತ್ತರಿಸುವ ಮೇಜಿನ ನಾಲ್ಕು ಮೂಲೆಯಲ್ಲಿ ನಾಲ್ವರು ಕೂತು ಬರೆದರು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಮಣ್ಣು ಹಾಕಿದ ವರ್ಷ ಏನಾಯಿತು, ಇಷ್ಟನ್ನೇ ಟೇಪಣ್ಣ ಬರೆದ. ಒಂದೇ ಕೋಣೆಯ ಬದುಕನ್ನು ಮಗಳು ಬರೆದಳು. ಬಾಡಿಗೆಗೆ ಸಿಗುವ ಚಿಕ್ಕ ಮನೆಗಳು ಬೇಕು, ಮೊದಲು ಗಿರಣಿಯ ಜಾಗದಲ್ಲಿ ಕಟ್ಟಿ, ಸಾಲದಿದ್ದರೆ ಮೇಲಿನ ಅಂಚಿನಲ್ಲಿ, ತಗ್ಗನ್ನು ಮಾತ್ರ ಮುಟ್ಟಬೇಡಿ ಎಂದಳು. ಅಷ್ಟು ಮನೆಗಳಿಗೆ ಆ ಕಿರಿದಾದ ರಸ್ತೆ ಸಾಲದು, ಎದುರು ಬರುವ ಬಸ್ಸಿಗೆ ಈಗಲೇ ದಾರಿ ಬಿಡಲಾಗುವುದಿಲ್ಲ ಎಂದು ಅಳಿಯ ಬರೆದ. ಹೆಂಡತಿ ಬರೆದದ್ದು ಏನೆಂದು ಗೊತ್ತಾಗಲಿಲ್ಲ. ಟೇಪಣ್ಣ ಬಗ್ಗಿ ನೋಡಲು ಹೋದಾಗ ಕೈ ಅಡ್ಡ ಇಟ್ಟಳು.

"ನಿಮ್ಮದು ನೀವು ನೋಡ್ಕೊಳ್ಳಿ. ಇದು ನಾನು ಹೇಳೋದು."

ಬೆಂಚಿನ ಮೇಲೆ ಕೂತವರಿಗೂ ಅವರು ಸಹಿ ಹಾಕಿದ್ದ ಪತ್ರಗಳನ್ನು ಟೇಪಣ್ಣ ವಾಪಸು ಕೊಟ್ಟ. ಮುಂದಿರೋದನ್ನ ಹೊಡೆದುಹಾಕಿ, ಹಿಂಭಾಗ ಖಾಲಿ ಇದೆ, ನಿಮಗೆ ಗೊತ್ತಿರೋದನ್ನ ಬರೀರಿ ಎಂದ. ಬರೆಯಲು ಬಾರದವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಮಗಳು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿದಳು. ತಿಂಗಳು ಮುಗಿಯುವ ಮೊದಲೇ ಎಲ್ಲವನ್ನೂ ಕಚೇರಿಗೆ ಕೊಟ್ಟು, ತಲುಪಿದ್ದಕ್ಕೆ ರಸೀದಿ ಪಡೆದರು.

ಮೊದಲ ಮಳೆಯ ಮಾರನೆಯ ದಿನ ಯೋಜನಾ ಕಚೇರಿಯ ಅಧಿಕಾರಿಯೊಬ್ಬರು ಮೆಟ್ಟಿಲಿಳಿದು ಅಂಗಡಿಗೆ ಬಂದರು. ಪತ್ರದಲ್ಲಿ ಹೇಳಿದ ತಗ್ಗು ಎಲ್ಲಿ, ತೋರಿಸುತ್ತೀರಾ ಎಂದು ಕೇಳಿದರು. ಟೇಪಣ್ಣನೂ ಮಗಳೂ ಜೊತೆಗೆ ನಡೆದರು. ಬಯಲಿನ ನಡುವೆ ನೀರು ಆಕಾಶ ಹೊತ್ತುಕೊಂಡು ಸುಮ್ಮನೆ ಮಲಗಿತ್ತು. ಅಧಿಕಾರಿ ಅದನ್ನು ನೋಡಿ, ನಕ್ಷೆ ತೆಗೆದು ಅದರ ಮೇಲೊಂದು ಗೆರೆ ಎಳೆದರು. ತೀರ್ಮಾನ ತಮ್ಮೊಬ್ಬರದಲ್ಲ, ಆದರೆ ಈ ನೀರನ್ನು ಲೆಕ್ಕಕ್ಕೆ ಹಿಡಿಯದೆ ಮುಂದೆ ಹೋಗುವಂತಿಲ್ಲ ಎಂದರು. ಆಮೇಲೆ ಮಗಳತ್ತ ನೋಡಿ, ಟೇಪಣ್ಣನನ್ನು ಕೇಳಿದರು:

"ನಿಮ್ಮಿಬ್ಬರದೂ ಒಂದೇ ಅಭಿಪ್ರಾಯ ಅಂತ ಬರ್ಕೊಳ್ಳಲಾ?"

ಟೇಪಣ್ಣ ಕೊರಳಿನ ಟೇಪು ಸರಿಮಾಡಿಕೊಂಡ.

"ಬೇಡ. ನನ್ನದು ನೀರಿನದು, ಅವಳದು ಮನೆಯದು. ಎರಡನ್ನೂ ಬೇರೆ ಬೇರೆ ಬರ್ಕೊಳ್ಳಿ."

ನಿಮ್ಮ ಊರಿನ ಕಂಬದ ಮೇಲೂ ಇಂಥದೊಂದು ಪ್ರಕಟಣೆ ಇರಬಹುದು. ಒಮ್ಮೆ ತಿರುಗಿ ನೋಡಿ. ನಕ್ಷೆ ಎಲ್ಲಿಟ್ಟಿದ್ದಾರೆಂದು ಕೇಳಿ, ಹೋಗಿ ನೋಡಿ. ಆ ಜಾಗದ ಬಗ್ಗೆ ನಿಮಗೆ ಮಾತ್ರ ಗೊತ್ತಿರುವ ಸಂಗತಿ ಏನಾದರೂ ಇದ್ದೇ ಇರುತ್ತದೆ. ಅದನ್ನು ನಿಮ್ಮ ಮಾತಿನಲ್ಲೇ ಬರೆದು, ಹೆಸರು, ವಿಳಾಸ ಹಾಕಿ, ಕೊನೆಯ ದಿನ ದಾಟುವ ಮೊದಲು ಕೊಡಿ. ನಿಮ್ಮ ಮನೆಯವರ ಅಭಿಪ್ರಾಯ ಬೇರೆಯಾಗಿದ್ದರೆ, ಅವರ ಕೈಗೂ ಒಂದು ಖಾಲಿ ಹಾಳೆ ಕೊಡಿ.