ಎರಕಕ್ಕೆ ಹಾಕಿದ ಸಕ್ಕರೆ

ಪಾತ್ರೆಯ ಹೊಟ್ಟೆಗೆ ಯಂತ್ರದ ಮೂತಿ ಒತ್ತಿ ಹಿಡಿದು, ಪರೀಕ್ಷೆಗೆ ಬಂದಿದ್ದ ಅಧಿಕಾರಿ ಲಾಂಪ್ಟೆ ಅದರ ಗುಂಡಿ ಅದುಮಿದಳು. ನೋಡಲು ಪಿಸ್ತೂಲಿನಂತೆಯೇ ಇದ್ದ ಯಂತ್ರ. ಹೊಗೆಯೂ ಬರಲಿಲ್ಲ, ಸದ್ದೂ ಬರಲಿಲ್ಲ. ಕುಮಾಸಿ ನಗರದ ಎರಕದ ಓಣಿಯ ಗಂಡಸರೆಲ್ಲ ಕುಲುಮೆ ಬಿಟ್ಟು ಬಂದು ಸುತ್ತ ನಿಂತಿದ್ದರು.

"ಇಷ್ಟೇನಾ?" ಎಂದ ಟ್ವುಮಾಸಿ. ಪಾತ್ರೆಯ ಒಡೆಯ ಅಮಾಂಕ್ವಾನ ಪಕ್ಕದ ಕುಲುಮೆಯವನು, ಬಾಯಿ ಸುಮ್ಮನಿರುವ ಜಾತಿಯಲ್ಲ. "ಎಕ್ಸ್-ರೇ ಅಂದ್ರಲ್ಲ ಮೇಡಂ, ಪಾತ್ರೆ ಮೂಳೆ ಕಾಣ್ಸುತ್ತೆ ಅಂದ್ಕೊಂಡಿದ್ದೆ."

"ಮೂಳೆ ಅಲ್ಲಪ್ಪ," ಎಂದು ಲಾಂಪ್ಟೆ ನಕ್ಕಳು. "ಎಕ್ಸ್-ರೇ ಬಿಟ್ಟು ಒಳಗಿರೋ ಲೋಹಾನ ಕೆಣಕ್ತೀವಿ. ಒಂದೊಂದು ಲೋಹನೂ ತಿರುಗಿ ತನ್ನದೇ ಥರದ ಎಕ್ಸ್-ರೇ ಬಿಡುತ್ತೆ. ಅದನ್ನ ನೋಡಿ ಒಳಗೆ ಯಾರ್ಯಾರಿದಾರೆ ಅಂತ ಇದು ಹೇಳುತ್ತೆ."

"ಹಂಗಾದ್ರೆ ನಮ್ಮ ಪ್ರಾರ್ಥನೆ ಶಿಬಿರದ ಪ್ರವಾದಿ ಥರಾನೇ ಅನ್ನಿ. ಅವರೂ ಮುಖ ನೋಡಿದ್ರೆ ಸಾಕು, ಒಳಗೆ ಯಾರು ಕೂತಿದಾರೆ ಅಂತ ಹೇಳಿಬಿಡ್ತಾರೆ."

ಎಲ್ಲರೂ ನಕ್ಕರು. ಅಮಾಂಕ್ವಾನೂ ನಕ್ಕ. ಇವತ್ತು ನಗುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಅವನದೇ. ಶಾಲೆಗಳ ಅಡುಗೆಮನೆಗಳಿಗೆ ದೊಡ್ಡ ದೊಡ್ಡ ಪಾತ್ರೆಗಳು ಬೇಕಾಗಿದ್ದವು. ಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ಕೆಲಸ. ಗುಜರಿ ಅಲ್ಯೂಮಿನಿಯಂ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕೆಲಸ ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಅಮಾಂಕ್ವಾನ ಪಾತ್ರೆಗಳಿಗೆ ತೆಳು ಮೈ, ಕನ್ನಡಿಯ ಹೊಳಪು. ಟ್ವುಮಾಸಿಯ ಪಾತ್ರೆಗಳು ಆಗಲೇ ಗೆದ್ದಿದ್ದವು. ಟ್ವುಮಾಸಿಯ ಒರಟು ಪಾತ್ರೆಗಳೇ ಗೆದ್ದ ಮೇಲೆ ತನ್ನದೇನು ಎಂದು ಅಮಾಂಕ್ವಾ ಮಾರಾಟದ ಸರಕು ಬಿಟ್ಟು, ಕೊಟ್ಟಿಗೆಯ ಕೊಕ್ಕೆಗೆ ತೂಗುಹಾಕಿದ್ದ ಪಾತ್ರೆಯನ್ನೇ ಇಳಿಸಿ ತಂದಿದ್ದ. ಮಗಳು ಬಿರಾಗೊಳ ಮದುವೆಗೆ ಹೊಯ್ದ ಎರಕದಲ್ಲಿ ಉಳಿದ ಪಾತ್ರೆ ಅದು. ಯಾರು ಎಷ್ಟು ಕೇಳಿದರೂ ಮಾರಿರಲಿಲ್ಲ.

ಲಾಂಪ್ಟೆ ಯಂತ್ರದ ಪರದೆ ನೋಡಿದಳು. ಅದರ ಮೂತಿ ಒರೆಸಿಕೊಂಡು ಪಾತ್ರೆಯ ತಳಕ್ಕೆ ಒತ್ತಿದಳು, ಆಮೇಲೆ ಅದರ ಪುಟ್ಟ ಕಾಲಿಗೆ ಒತ್ತಿದಳು. ನಗು ಹೋಗಿತ್ತು.

"ಯಜಮಾನ್ರೇ, ಇದರಲ್ಲಿ ಸೀಸ ಇದೆ."

"ಗುಜರಿ ಅಲ್ವಾ ಮೇಡಂ, ಎಲ್ಲಾ ಸ್ವಲ್ಪ ಸ್ವಲ್ಪ ಇರುತ್ತೆ."

"ಸ್ವಲ್ಪ ಅಲ್ಲ. ಬೆಳಗ್ಗಿಂದ ನೋಡಿದ ಯಾವ ಪಾತ್ರೇಲೂ ಇಷ್ಟಿಲ್ಲ." ಅವಳು ಅತ್ತಿತ್ತ ನೋಡಿ ಅವನ ಗುಜರಿ ಗುಡ್ಡೆಯ ಹತ್ತಿರ ಹೋದಳು. ಮೂಲೆಯಲ್ಲಿ ಬೇರೆಯಾಗಿ ಪೇರಿಸಿದ್ದ ಹಳೆಯ ಲಾರಿ ರೇಡಿಯೇಟರುಗಳ ಬೆಸುಗೆಗೆ ಯಂತ್ರದ ಮೂತಿ ಇಟ್ಟಳು. "ಇಲ್ಲಿಂದ ಬಂದಿದೆ. ಇದನ್ನ ಹಾಕ್ತೀರಾ?"

ಅಮಾಂಕ್ವಾ ಉತ್ತರ ಕೊಡುವ ಮೊದಲೇ ಟ್ವುಮಾಸಿ ಬಾಯಿ ಹಾಕಿದ. "ಅದು ಸಕ್ಕರೆ ಮೇಡಂ! ನಾವೆಲ್ಲ ಬಿಟ್ಟು ಎಷ್ಟೋ ಕಾಲ ಆಯ್ತು, ಈಗ ಸಿಗೋದೂ ಇಲ್ಲ. ಇವನೊಬ್ಬ ಕೂಡಿಟ್ಕೊಂಡಿದಾನೆ."

ಸಕ್ಕರೆ ಎಂಬುದು ಓಣಿಯ ಹಳಬರ ಮಾತು. ಮೂಸೆಯಲ್ಲಿ ಕರಗಿದ ಲೋಹಕ್ಕೆ ಬೆಸುಗೆಯ ತುಣುಕುಗಳನ್ನು ಹಾಕಿದರೆ ಅದು ನೀರಿನಂತೆ ತೆಳ್ಳಗಾಗಿ ಅಚ್ಚಿನ ಸಂದುಗೊಂದಿಗೂ ಇಳಿಯುತ್ತದೆ, ಮೈಗೆ ಹೊಳಪು ಬರುತ್ತದೆ ಎಂದು ಅಮಾಂಕ್ವಾನ ಗುರು ಕಲಿಸಿಕೊಟ್ಟಿದ್ದ. ಈಚೆಗೆ ಅಮಾಂಕ್ವಾ ಮಾರುವ ಪಾತ್ರೆಗಳಿಗೆ ಅದನ್ನು ಹಾಕುತ್ತಿರಲಿಲ್ಲ. ಅಪರೂಪದ ವಸ್ತು, ಕಂಡವರಿಗೆಲ್ಲ ಯಾಕೆ ಹಾಕಬೇಕು? ಎರಕದವನ ಮಗಳು ಕೊಂಡ ಪಾತ್ರೆಯಲ್ಲಿ ಅಡುಗೆ ಮಾಡಬಾರದು ಎಂಬ ರೂಢಿ ಓಣಿಯಲ್ಲಿದೆ; ಒಂದರೊಳಗೊಂದು ಕೂರುವ ಪಾತ್ರೆಗಳ ಜೊತೆ ಅವಳನ್ನು ಗಂಡನ ಮನೆಗೆ ಕಳಿಸಬೇಕು. ಇರುವವಳು ಒಬ್ಬಳೇ ಮಗಳು. ಅವಳ ಎರಕದ ದಿನ ಅವನು ಬೊಗಸೆ ತುಂಬ ಸಕ್ಕರೆ ಹಾಕಿದ್ದ. ಹಾಕಿ, ಸಾಲದೇನೋ ಎಂದು ಇನ್ನೂ ಒಂದು ಬೊಗಸೆ ಹಾಕಿದ್ದ.

"ಇಂಥ ಪಾತ್ರೇಲಿ ಯಾರಾದ್ರೂ ಅಡುಗೆ ಮಾಡ್ತಿದಾರಾ?" ಲಾಂಪ್ಟೆ ತಗ್ಗಿದ ದನಿಯಲ್ಲಿ ಕೇಳಿದಳು. "ಹುಳಿ ಬಿದ್ದರೆ ಸೀಸ ಸಾರಿಗೆ ಇಳಿಯುತ್ತೆ. ದೊಡ್ಡವರು ಹೇಗೋ ತಡ್ಕೋತಾರೆ. ಚಿಕ್ಕ ಮಕ್ಕಳಿಗೆ ಅದು ತಲೆಗೇರುತ್ತೆ. ಹೊಟ್ಟೆ ನೋವು ಅಂತ ಅಳ್ತಾವೆ, ಮಾತು ಬರೋದು ತಡ ಆಗುತ್ತೆ, ಬರದೇನೂ ಇರಬಹುದು. ಅಂಥ ಮಕ್ಕಳು ಯಾರಾದ್ರೂ ಇದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಇದಾರಾ?"

"ಯಾರೂ ಇಲ್ಲ," ಎಂದ ಅಮಾಂಕ್ವಾ.

ಅವನಿಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತಲ್ಲ ಎಂದು ಕಾದ, ಆಗಲೂ ಅನ್ನಿಸಲಿಲ್ಲ. ಲಾಂಪ್ಟೆ ಮುಂದಿನ ಕುಲುಮೆಗೆ ಹೋದಳು, ಜನ ಅವಳ ಹಿಂದೆ ಹೋದರು. ಅವನು ಪಾತ್ರೆಯನ್ನು ಎತ್ತಿ ಮತ್ತೆ ಕೊಕ್ಕೆಗೆ ತೂಗುಹಾಕಿದ. ಆಮೇಲೆ, ಅಲ್ಲಿ ಯಾಕೆ ಹಾಕಿದೆ ಎಂದು ಇಳಿಸಿ ನೆಲದ ಮೇಲೆ ಬೋರಲು ಹಾಕಿದ.

ಬಿರಾಗೊಳ ಮಗಳು ಅಫ್ರಿಯೆಗೆ ನಾಲ್ಕು ವರ್ಷ ತುಂಬಿತ್ತು. ಮಾತು ಬಂದಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು, ನಡೆಯುತ್ತ ನಡೆಯುತ್ತ ಎಡವಿ ಬೀಳುತ್ತಿತ್ತು. ಕೆಲವು ತಿಂಗಳ ಹಿಂದೆ ಬಿರಾಗೊ ಅದನ್ನು ಹೊತ್ತುಕೊಂಡು ಪ್ರಾರ್ಥನೆಯ ಶಿಬಿರಕ್ಕೆ ಹೋಗಿದ್ದಳು. ಅಲ್ಲಿಯ ಪ್ರವಾದಿ ಕಣ್ಣು ಮುಚ್ಚಿ ನೋಡಿ, ಮಗುವಿನ ನಾಲಿಗೆಯನ್ನು ಮನೆಯೊಳಗಿನವರೇ ಮಾಟ ಮಾಡಿ ಕಟ್ಟಿದ್ದಾರೆ, ಮಕ್ಕಳಿಲ್ಲದ ಹೆಂಗಸು ಎಂದ. ಮನೆಯಲ್ಲಿದ್ದ ಮಕ್ಕಳಿಲ್ಲದ ಹೆಂಗಸು ಒಬ್ಬಳೇ, ಪೊಮಾ. ಅಮಾಂಕ್ವಾನ ಸತ್ತ ಹೆಂಡತಿಯ ಅಕ್ಕ. ಬಿರಾಗೊಳನ್ನು ಸಾಕಿ ಬೆಳೆಸಿದವಳು, ಅಫ್ರಿಯೆಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದವಳು. ಕುಲದವರು ಅವಳ ತಲೆ ಬೋಳಿಸಿದರು. ಒಪ್ಪಿಕೋ ಎಂದರು. ಕೊನೆಗೆ ಊರಾಚೆ ಹೋಗಿ ಇರು ಎಂದರು.

ಅಮಾಂಕ್ವಾನನ್ನೂ ಒಂದು ಮಾತು ಕೇಳಿದ್ದರು. ಈ ಸೀಮೆಯಲ್ಲಿ ಮಾಟ ಇಳಿಯುವುದು ರಕ್ತದಲ್ಲಿ, ರಕ್ತ ತಾಯಿಯ ಕಡೆಯದು. ಅಪ್ಪನಾಗಲಿ ಅಜ್ಜನಾಗಲಿ ಹೊರಗಿನವನು. ಅವನ ಮೇಲೆ ಯಾರೂ ಬೆರಳು ತೋರಿಸುವುದಿಲ್ಲ. "ನಿಮ್ಮ ಕುಲದ ವಿಷಯ, ನಾನೇನು ಹೇಳಲಿ," ಎಂದು ಅವನು ಕೈ ತೊಳೆದುಕೊಂಡಿದ್ದ. ಪೊಮಾಳ ಟ್ರಂಕನ್ನು ಟ್ರೋಟ್ರೋ ವ್ಯಾನಿನ ಮೇಲಕ್ಕೆ ಏರಿಸಿ ಹಗ್ಗ ಬಿಗಿದು ಕಟ್ಟಿದವನೂ ಅವನೇ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವರು ಬೇರೆ.

ಮಾರನೆಯ ದಿನ ಮಧ್ಯಾಹ್ನ ಅವನು ಎರಡು ಖಾಲಿ ಗೋಣಿಚೀಲ, ಅಂಗಡಿಯಲ್ಲಿ ಕೊಂಡ ಒಂದೆರಡು ಸ್ಟೀಲ್ ಪಾತ್ರೆ ಹಿಡಿದುಕೊಂಡು ಮಗಳ ಮನೆಗೆ ಹೋದ. ಅಂಗಳದಲ್ಲಿ ಬಿರಾಗೊ ಬೇಯಿಸಿದ ಗೆಡ್ಡೆಯನ್ನು ಫುಫು ಮುದ್ದೆಗೆ ಕುಟ್ಟುತ್ತಿದ್ದಳು. ಒಲೆಯ ಮೇಲೆ ಟೊಮೆಟೊ ಸಾರು ಕೊತಕೊತ ಕುದಿಯುತ್ತಿತ್ತು. ಅಫ್ರಿಯೆ ಒಲೆಯ ಪಕ್ಕ ಕೂತು ಇನ್ನೊಂದು ಪಾತ್ರೆಯ ತಳಕ್ಕೆ ಹತ್ತಿದ ಅನ್ನವನ್ನು ಚಮಚದಿಂದ ಕೆರೆದು ತಿನ್ನುತ್ತಿತ್ತು.

ಅವನು ಮೊದಲು ಆ ಪಾತ್ರೆ ಕಿತ್ತುಕೊಂಡ. ಮಗು ಬಾಯಿ ತೆರೆದು ನೋಡಿತು, ಅಳಲಿಲ್ಲ.

"ಏನಪ್ಪಾ ಇದು, ಬಂದೋನೆ ಮಗು ಕೈಯಿಂದ ಕಿತ್ಕೊಂಡ್ಯಲ್ಲ?"

"ಪಾತ್ರೆಗಳನ್ನೆಲ್ಲ ಕೊಡು. ಮತ್ತೆ ಎರಕ ಹೊಯ್ಬೇಕು. ಕಾಲು ಸವೆದಿವೆ."

"ಏನೂ ಸವೆದಿಲ್ಲ! ಅಕ್ಕಪಕ್ಕದೋರು ನೋಡಿ ಹೊಟ್ಟೆ ಉರ್ಕೋತಾರೆ. ನಿಮ್ಮಪ್ಪನ ಹತ್ರ ಒಂದು ಕೊಡ್ಸು ಅಂತ ದಿನಾ ಪ್ರಾಣ ತಿಂತಾರೆ."

ಅವನು ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿದ. ಸಾರನ್ನು ಚರಂಡಿಗೆ ಸುರಿದ. ಮೀನಿನ ತುಂಡುಗಳು ಕಲ್ಲಿನ ಮೇಲೆ ಬಿದ್ದು ಹಬೆಯಾಡಿದವು.

"ಹುಚ್ಚಾ ನಿಂಗೆ?" ಬಿರಾಗೊ ಒನಕೆ ಬಿಟ್ಟು ಎದ್ದಳು.

"ಹುಳ ಬಿದ್ದಿತ್ತು."

ಇಂಥ ಬಡಪಾಯಿ ಸುಳ್ಳನ್ನು ಅವನು ಹುಡುಗನಾಗಿದ್ದಾಗಲೂ ಹೇಳಿರಲಿಲ್ಲ. ಬಿರಾಗೊ ಅವನನ್ನು ಮೇಲಿಂದ ಕೆಳಗೆ ನೋಡಿದಳು. ವಯಸ್ಸಾಯಿತು, ಕುಲುಮೆಯ ಬಿಸಿ ತಲೆಗೆ ಹತ್ತಿದೆ ಎಂದುಕೊಂಡಳೋ ಏನೋ, ದನಿ ತಗ್ಗಿಸಿದಳು. "ಕೂತ್ಕೋ ಅಪ್ಪಾ. ನೀರು ಕುಡಿ. ಒಂದು ಒಳ್ಳೆ ಸುದ್ದಿ ಹೇಳ್ತೀನಿ. ದೊಡ್ಡಮ್ಮ ಹೋದ್ಮೇಲೆ ಮಗು ಅಳೋದು ಕಮ್ಮಿ ಆಗಿದೆ. ಮೊನ್ನೆ ಬಾಯಿ ಬಿಟ್ಟು 'ಮ' ಅಂತು. ಪ್ರವಾದಿ ಹೇಳಿದ್ದು ಸುಳ್ಳಲ್ಲ ನೋಡು. ಗಂಟು ಬಿಚ್ತಾ ಇದೆ."

ಅವಳ ಮುಖದ ಮೇಲೆ ಎಷ್ಟೋ ಕಾಲದ ಮೇಲೆ ಒಂದಿಷ್ಟು ಗೆಲುವು ಕಾಣುತ್ತಿತ್ತು. ಅವನು ಪಾತ್ರೆಗಳನ್ನೆಲ್ಲ ಗೋಣಿಗೆ ತುಂಬಿ ಬಾಯಿ ಕಟ್ಟಿದ. ತಂದಿದ್ದ ಸ್ಟೀಲ್ ಪಾತ್ರೆಗಳನ್ನು ಒಲೆಯ ಪಕ್ಕ ಇಟ್ಟ.

"ಮಗೂನ ಆಸ್ಪತ್ರೆಗೆ ಕರ್ಕೊಂಡ್ಹೋಗಿ ರಕ್ತ ಪರೀಕ್ಷೆ ಮಾಡ್ಸು. ಸೀಸ ಇದೆಯಾ ನೋಡಿ ಅಂತ ಕೇಳು."

"ಸೀಸ ಯಾಕೆ ಇರುತ್ತೆ ಮಗೂನಲ್ಲಿ?"

"ಹೋಗು ಅಂದ್ರೆ ಹೋಗು."

ಗೋಣಿಗಳನ್ನು ಕುಲುಮೆಯ ಕೊಟ್ಟಿಗೆಯಲ್ಲಿ ಇಳಿಸಿ ಬೀಗ ಹಾಕಿ ಮನೆಗೆ ಹೋಗುವುದು ಎಂದು ಅವನು ಹೊರಟಿದ್ದ. ಆದರೆ ಬೀಗ ಹಾಕಿದ ಮೇಲೆ ಕಾಲು ಮನೆಯ ದಾರಿ ಹಿಡಿಯಲಿಲ್ಲ. ಟ್ರೋಟ್ರೋ ನಿಲ್ಲುವ ಜಾಗಕ್ಕೆ ಹೋಗಿ ನಿಂತ. ವ್ಯಾನಿನಲ್ಲಿ ಪಕ್ಕದವಳು ಮಡಿಲಲ್ಲಿ ಕೋಳಿ ಇಟ್ಟುಕೊಂಡಿದ್ದಳು, ಅದು ದಾರಿಯುದ್ದಕ್ಕೂ ಅವನ ಮೊಣಕೈ ಕುಕ್ಕುತ್ತಿತ್ತು. ಅವನು ಕೈ ಸರಿಸಿಕೊಳ್ಳಲಿಲ್ಲ.

ಪೊಮಾ ರಸ್ತೆ ಪಕ್ಕ, ಬಾಡಿಗೆ ಕೋಣೆಯ ಮುಂದೆ ಕೂತು ಕಡಲೆಕಾಯಿ ಬೀಜ ಹುರಿಯುತ್ತಿದ್ದಳು. ತಲೆಗೆ ಸುತ್ತಿದ್ದ ಬಟ್ಟೆಯ ಅಂಚಿನಲ್ಲಿ ಹೊಸದಾಗಿ ಬರುತ್ತಿದ್ದ ಬಿಳಿ ಕೂದಲು ಕಾಣುತ್ತಿತ್ತು. ಅವನನ್ನು ನೋಡಿ ಅವಳಿಗೆ ಆಶ್ಚರ್ಯವಾಗಲಿಲ್ಲ. ಬೆಂಚಿನ ಮೇಲೆ ಜಾಗ ಬಿಟ್ಟು ಸರಿದಳು, ಲೋಟದಲ್ಲಿ ನೀರು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಕಾದಳು.

"ಮಗು ಮಾತಾಡ್ತಾ?"

"ಇಲ್ಲ ಅತ್ತಿಗೆ."

ಪೊಮಾ ತಲೆ ಆಡಿಸಿ ಬೀಜಗಳನ್ನು ಒಮ್ಮೆ ಮಗುಚಿದಳು. "ಶುಕ್ರವಾರ ಶುಕ್ರವಾರ ಉಪವಾಸ ಮಾಡ್ತಿದೀನಿ. ನನ್ನೊಳಗೆ ಅದೇನಿದೆಯೋ ಅದು ಮಗೂನ ಬಿಟ್ಟುಬಿಡ್ಲಿ ಅಂತ. ಇನ್ನೂ ಬಿಟ್ಟಿಲ್ಲ ಅಂದ್ರೆ ಉಪವಾಸ ಸಾಲ್ತಿಲ್ಲ."

"ಅತ್ತಿಗೆ, ನೀನೇನೂ ಮಾಡಿಲ್ಲ."

"ಮೊದಲು ನಾನೂ ಹಂಗೇ ಅಂದ್ಕೊಂಡಿದ್ದೆ ಅಮಾಂಕ್ವಾ. ಆದ್ರೆ ಮಲಗಿದಾಗ ಏನು ಮಾಡ್ತೀನಿ ಅಂತ ನಂಗೇನು ಗೊತ್ತು? ನಿದ್ದೇಲಿ ಎದ್ದು ಹೋಗಿ ಮಾಡಿ ಬರ್ತೀನೇನೋ. ಇಷ್ಟು ಜನ ಹೇಳ್ತಾರೆ ಅಂದ್ಮೇಲೆ ಇರಬೇಕಲ್ಲ?"

ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಯಾವುದೋ ಹಳೆಯ ಕಾಯಿಲೆಯ ವಿಷಯ ಹೇಳುವಂತೆ ಹೇಳಿದಳು. ಅಮಾಂಕ್ವಾನಿಗೆ ನಿನ್ನೆಯಿಂದ ಮರಗಟ್ಟಿದ್ದ ಎದೆಯಲ್ಲಿ ಮೊದಲ ಸಲ ಏನೋ ಕದಲಿತು. ನಾಚಿಕೆ ಅದು.

ಅವನು ಹೇಳಿದ. ಯಂತ್ರ, ರೇಡಿಯೇಟರ್, ಬೊಗಸೆ ಬೊಗಸೆ ಸಕ್ಕರೆ, ಚರಂಡಿಗೆ ಸುರಿದ ಸಾರು, ಎಲ್ಲ. ಪೊಮಾ ಕೊನೆಯವರೆಗೂ ಕೇಳಿ ಬೀಜದ ಬಾಣಲೆ ಕೆಳಗಿಳಿಸಿದಳು.

"ನನ್ನ ಮೇಲೆ ಕನಿಕರಪಟ್ಟು ನಿನ್ನ ತಲೆ ಮೇಲೆ ಎಳ್ಕೋಬೇಡ."

"ಕನಿಕರ ಅಲ್ಲ. ಯಂತ್ರ ಇಟ್ಟು ನೋಡಿ ಹೇಳಿದ್ರು."

"ಪ್ರವಾದಿನೂ ನೋಡೇ ಹೇಳಿದ್ದು." ಅವಳು ಅವನನ್ನು ನೇರ ನೋಡಿದಳು. "ಈಗ ನೀನು ಬಂದು ನಾನಲ್ಲ ಅಂತೀಯ. ನಾಳೆ ಇನ್ನೊಬ್ಬರು ಬಂದು ಹೌದು ಅಂದ್ರೆ? ನಂಗೆ ಹೇಳಿ ಏನುಪಯೋಗ? ನಂಗೇನು ಮಗು ಇದೆಯಾ, ಹೇಳಬೇಕಾದೋರಿಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

ರಸ್ತೆಯಲ್ಲಿ ಮರದ ದಿಮ್ಮಿ ಹೇರಿದ ಲಾರಿಯೊಂದು ಹೋಯಿತು, ಧೂಳು ಬಂದು ಬಿಸಿ ಬೀಜಗಳ ಮೇಲೆ ಕೂತಿತು. ಅವನು ಜೇಬಿನಿಂದ ಫೋನ್ ತೆಗೆದು ಬಿರಾಗೊಳ ಹೆಸರು ಒತ್ತಿದ. ಪೊಮಾಳಿಗೂ ಕೇಳಲಿ ಎಂದು ದನಿ ಜೋರು ಮಾಡಿ ಬೆಂಚಿನ ಮೇಲೆ ಇಬ್ಬರ ನಡುವೆ ಇಟ್ಟ.

"ಅಪ್ಪಾ, ಆ ಸ್ಟೀಲ್ ಪಾತ್ರೇಲಿ ಎಲ್ಲಾ ತಳ ಹತ್ತುತ್ತೆ, ನಂದನ್ನ ಯಾವಾಗ ತಂದ್ಕೊಡ್ತೀಯ?"

"ಬಿರಾಗೊ, ನಾನು ನಿನ್ನ ದೊಡ್ಡಮ್ಮನ ಹತ್ರ ಇದೀನಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು.

ಅವನು ಹೇಳಿದ. ಎರಡನೆಯ ಸಲ ಹೇಳುವಾಗ ಮಾತು ಇನ್ನೂ ಕಡಿಮೆಯಾಯಿತು. ನಿನ್ನ ಪಾತ್ರೆಗೆ ನಾನೇ ಸೀಸ ಹಾಕಿದೆ, ಚೆನ್ನಾಗಿರಲಿ ಅಂತ ಹಾಕಿದೆ, ಮಗು ತಿಂದಿದ್ದು ಅದನ್ನೇ. ದೊಡ್ಡಮ್ಮ ಏನೂ ಮಾಡಿಲ್ಲ. ಇಷ್ಟೇ. ಕುಲುಮೆಯಲ್ಲಿ ಗಿರಾಕಿಗೆ ಪಾತ್ರೆಯ ಅಳತೆ ಹೇಳುವ ದನಿಯಲ್ಲೇ ಹೇಳಿ ಮುಗಿಸಿದ. ಫೋನಿನಲ್ಲಿ ಮೊದಲು ಮಗುವಿನ ಏನೋ ಗೊಣಗು ಕೇಳಿಸಿತು. ಕದ ಹಾಕಿದ ಸದ್ದು. ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ.

"ಅಪ್ಪಾ," ಎಂದಳು ಕೊನೆಗೆ, "ಫೋನು ದೊಡ್ಡಮ್ಮಂಗೆ ಕೊಡು."

ಅವನು ಫೋನನ್ನು ಎತ್ತಿ ಪೊಮಾಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಮಡಿಲ ಬಟ್ಟೆಗೆ ಎರಡೂ ಕೈ ಒರೆಸಿಕೊಳ್ಳತೊಡಗಿದಳು. ಅಂಗೈ, ಬೆರಳ ಸಂದು, ಮತ್ತೆ ಅಂಗೈ. ಕೈ ಒಣಗಿಯೇ ಇದ್ದವು, ಆದರೂ ಏನೋ ಇನ್ನೂ ಅಂಟಿದೆ ಎಂಬಂತೆ ಒರೆಸಿದಳು. ಅವನ ಕೈಯೊಳಗಿನಿಂದ ಬಿರಾಗೊ ಸಣ್ಣ ದನಿಯಲ್ಲಿ "ದೊಡ್ಡಮ್ಮಾ, ದೊಡ್ಡಮ್ಮಾ" ಎಂದು ಕರೆಯುತ್ತಲೇ ಇದ್ದಳು. ಪೊಮಾ ಕೈ ಒರೆಸಿಕೊಳ್ಳುತ್ತಲೇ ಇದ್ದಳು.