ಲಂಗವಿಲ್ಲದ ಪಾತ್ರ

ನಾಣ್ಯ ತಣ್ಣಗಿದೆ, ಸೊಂಟದ ಎಲುಬಿಗೆ ಒತ್ತುತ್ತಿದೆ, ಸೊಂಟದವರೆಗೆ ಬರುವ ಕಾಲುಚೀಲದ ಅಂಚಿನಲ್ಲಿ ಒಂದು ಕೊಪೆಕ್ಕಿನ ಬಿಲ್ಲೆಯಿಟ್ಟು ತಿರುಚಿ ಸಿಕ್ಕಿಸಿಕೊಂಡರೆ ಮಂಡಿಯ ಹತ್ತಿರ ಬಟ್ಟೆ ಸುಕ್ಕುಗಟ್ಟುವುದಿಲ್ಲ, ಹತ್ತನೇ ವಯಸ್ಸಿನಿಂದ ರಿಮ್ಮಾ ಹೀಗೇ ಮಾಡುತ್ತ ಬಂದಿದ್ದಾಳೆ, ಲೆನಿನ್‌ಗ್ರಾಡಿನ ಎಲ್ಲ ಬ್ಯಾಲೆ ಹುಡುಗಿಯರೂ ಹೀಗೇ ಮಾಡುತ್ತಾರೆ, ಆಮೇಲೆ ಅದರ ಮೇಲೆ ಏನಾದರೊಂದು ಬೀಳುತ್ತದೆ, ಲಂಗ, ಶಾಲು, ರೈತ ಹೆಂಗಸಿನ ಏಪ್ರನ್ನು, ಬಿಲ್ಲೆ ಮುಚ್ಚಿಹೋಗುತ್ತದೆ — ಇವತ್ತು ಮೇಲೆ ಏನೂ ಇರಬಾರದಿತ್ತು, ನಿನ್ನೆ ಮಧ್ಯಾಹ್ನದವರೆಗೂ ಇರಲಿಲ್ಲ, ಮೈಗಂಟಿದ ಬೂದು ಬಟ್ಟೆ ಒಂದೇ, ಈಗ ನೋಡಿದರೆ ಕುರ್ಚಿಯ ಬೆನ್ನಿಗೆ ನೇತುಬಿದ್ದಿರುವ ಅದೇ ಉಡುಪಿಗೆ ಮಂಡಿವರೆಗಿನ ಬೂದು ಲಂಗ ಅಂಟಿಕೊಂಡಿದೆ, ಅವಳೊಬ್ಬಳದಕ್ಕೆ ಮಾತ್ರ. ಉಳಿದ ಹನ್ನೆರಡು ಹುಡುಗಿಯರದು ಹಾಗೇ ಇದೆ. ಗ್ಲೆಬ್ ವದೀಮೊವಿಚ್ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೇಳಿದ್ದ, ಇಪ್ಪತ್ತೊಂಬತ್ತು ವರ್ಷದ ನೃತ್ಯ ನಿರ್ದೇಶಕ, ಮೊದಲ ಬ್ಯಾಲೆ, ಮೂರು ದಿನದಿಂದ ಗಡ್ಡ ಹೆರೆದಿರಲಿಲ್ಲ, ರಿಮ್ಮಾ ಅರ್ಕಾದ್ಯೆವ್ನಾ, ಅಧ್ಯಕ್ಷರು ಹದಿಮೂರು ಜನಕ್ಕೂ ಲಂಗ ಹಾಕ್ಸಿ ಅಂದ್ರು, ಒಳ ಉಡುಪಲ್ಲಿ ನಮ್ಮ ಹೆಂಗಸರನ್ನ ವೇದಿಕೆಗೆ ಬಿಡ್ತೀರಾ ಅಂತ ಕೇಳಿದ್ರು, ಕಾಡಿ ಬೇಡಿ ಹನ್ನೆರಡು ಜನರದು ತಪ್ಪಿಸಿದೆ, ಮುಖ್ಯ ಪಾತ್ರಕ್ಕಾದ್ರೂ ಇರಲಿ ಅಂತ ಪಟ್ಟು ಹಿಡಿದಿದ್ದಾರೆ, ಇವತ್ತು ಅವರ ಕಲಾಸಮಿತಿ ನೋಡಿ ಒಪ್ಪದಿದ್ರೆ ಎಲ್ಲಾ ಮುಗೀತು — ಆಮೇಲೆ ನೆಲ ನೋಡುತ್ತ ಸೇರಿಸಿದ್ದ, ನಿಮಗೂ ಅದೇ ಒಳ್ಳೇದಲ್ವಾ. ಅಲ್ಲೇ ಚುಚ್ಚಿತು. ಅಧ್ಯಕ್ಷ ಕುಜೊವ್ಕೊವ್ ಬೈದಿದ್ದರೆ ನಗಬಹುದಿತ್ತು, ಇದು ಬೈಗುಳವಲ್ಲ, ಕನಿಕರ, ಕನಿಕರಕ್ಕೆ ತಿರುಗಿ ಹೇಳುವ ಮಾತು ಅವಳಿಗೆ ಹದಿನೈದು ವರ್ಷದಿಂದ ಸಿಕ್ಕಿರಲಿಲ್ಲ.

ಎಡ ತೊಡೆಯ ಹೊರಮಗ್ಗುಲಲ್ಲಿ ಅಂಗೈಯಷ್ಟು ಮಾಂಸವಿಲ್ಲ, ದೊಡ್ಡ ಚಮಚದಿಂದ ಕೆರೆದು ತೆಗೆದ ಹಾಗೆ, ಜರ್ಮನ್ನರು ನಗರವನ್ನು ಸುತ್ತುವರಿದಿದ್ದ ನಲವತ್ತೆರಡರ ಏಪ್ರಿಲ್ಲಿನಲ್ಲಿ ಬ್ರೆಡ್ಡಿನ ಸಾಲಿನಲ್ಲಿ ನಿಂತಿದ್ದಾಗ ಶೆಲ್ಲು ಬಿತ್ತು, ಹಿಂದೆ ನಿಂತಿದ್ದ ಅಮ್ಮನಿಗೆ ಬೇರೆ ಕಡೆ ತಾಗಿತು, ಅಮ್ಮ ಉಳಿಯಲಿಲ್ಲ, ಕಾಲು ಉಳಿಯಿತು, ಎರಡು ವರ್ಷದ ಮೇಲೆ ದಿಗ್ಬಂಧನ ಒಡೆದು ಯುದ್ಧಕ್ಕೆ ಊರು ಬಿಟ್ಟಿದ್ದ ರಂಗಮಂದಿರದವರು ಉರಾಲ್ ಸೀಮೆಯಿಂದ ವಾಪಸು ಬಂದಾಗ ಆ ಕಾಲನ್ನು ಕಿವಿಯವರೆಗೆ ಎತ್ತಿ ತೋರಿಸಿದ್ದಳು, ಗುರು ವರ್ವಾರಾ ನಿಕಾನೊರೊವ್ನಾ ಬಹಳ ಹೊತ್ತು ನೋಡಿದರು, ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಉದ್ದ ಲಂಗದ ಪಾತ್ರಗಳು ಬೇಕಾದಷ್ಟಿವೆ ಮಗೂ, ಹೆದರಬೇಡ. ಅವತ್ತು ಅವರ ಕೈಗೆ ಮುತ್ತಿಟ್ಟಿದ್ದಳು. ಹಾಗೆ ಶುರುವಾಯಿತು ಲಂಗಗಳ ಕಾಲ — ತಟ್ಟೆಯ ಹಾಗೆ ಅಡ್ಡ ನಿಲ್ಲುವ ಬಿಳಿ ಗಿಡ್ಡ ಲಂಗ ಬೇರೆಯವರಿಗೆ, ಹಂಸಗಳೂ ರಾಜಕುಮಾರಿಯರೂ ಬೇರೆಯವರು, ಇವಳು ಖಾನನ ಸೆರೆಯಾಳು, ಕುಯ್ಲಿನ ಹುಡುಗಿ, ರಾಣಿಯ ದಾಸಿ, ಕುಡುಗೋಲು ಹಿಡಿದು ಬಂದಳು, ಶಾಲು ಹೊದ್ದು ಅತ್ತಳು, ಬೂಟು ಕುಟ್ಟಿದಳು, ಆ ವರ್ಷಗಳ ಬ್ಯಾಲೆಯಲ್ಲಿ ಕುಣಿತಕ್ಕಿಂತ ಕಥೆ ಜಾಸ್ತಿ, ಎದೆ ಮುಟ್ಟಿಕೊಂಡರೆ ಪ್ರೀತಿ, ಹಣೆಗೆ ಕೈಯಿಟ್ಟರೆ ದುಃಖ, ಮೂರು ಅಂಕ ಮುಗಿಯುವಷ್ಟರಲ್ಲಿ ಕೈಯೇ ನೋಯುತ್ತಿತ್ತು, ಕಾಲಲ್ಲ. ಚೆನ್ನಾಗಿ ಅಳ್ತೀಯ ಎಂದು ಎಲ್ಲರೂ ಹೊಗಳಿದರು. ಚೆನ್ನಾಗಿ ಕುಣೀತೀಯ ಎಂದು ಯಾರೂ ಅನ್ನಲಿಲ್ಲ, ನೋಡಿದ್ದರೆ ತಾನೇ ಅನ್ನುವುದಕ್ಕೆ. ಈಗ ಮೂವತ್ತನಾಲ್ಕು, ಬ್ಯಾಲೆಯವರಿಗೆ ಮೂವತ್ತೆಂಟಕ್ಕೇ ಪಿಂಚಣಿ, ಇನ್ನು ನಾಲ್ಕೇ ವರ್ಷ, ಆಗ ಬಂದ ಈ ಗ್ಲೆಬ್, ಅಭ್ಯಾಸದ ಕೋಣೆಯಲ್ಲಿ ಮೂಲೆಯ ಕಂಬಿ ಹಿಡಿದಿದ್ದ ಅವಳನ್ನು ಕಂಡು, ನನ್ನ ಬ್ಯಾಲೆಯ ಮುಖ್ಯ ಪಾತ್ರ ನೀವು ಎಂದ. ಕಥೆ ಇಲ್ಲ, ಶಾಲು ಇಲ್ಲ, ಬೂಟಿಲ್ಲ, ಬರಿಯ ನಾಲ್ಕು ವಾದ್ಯ ಮತ್ತು ಮೈ. ಕಥೆಯೇ ಇಲ್ಲದಿದ್ರೆ ನಾನ್ಯಾರು ಅಂತ ಕುಣೀಲಿ ಎಂದು ಕೇಳಿದ್ದಳು, ನೀವೇ ಅಂತ ಕುಣೀರಿ ಎಂದಿದ್ದ, ಹುಡುಗು ಮಾತು ಎಂದು ನಕ್ಕಿದ್ದಳು, ಅಕ್ಟೋಬರಿನಿಂದ ಜನವರಿಯವರೆಗೆ ನಾಲ್ಕು ತಿಂಗಳು ಬೆವರು ಹರಿಸಿದ ಮೇಲೆ ನಗು ನಿಂತಿತು. ಅವನೂ ಈಗ ನೆಲ ನೋಡುತ್ತಾನೆ.

ಲಂಗವನ್ನು ಹೊಲಿದವಳು ಗ್ಲಾಶತ್ತೆ, ಉಡುಪಿನ ಕೋಣೆಯ ಗ್ಲಾಫಿರಾ, ಬಟ್ಟೆಗೆ ಬಣ್ಣ ಕಟ್ಟುವ ಹಂಡೆಯ ಪಕ್ಕ ತೋಳು ಮಡಿಸಿ ಕೂತು ಇವಳು ಉಡುವುದನ್ನೇ ನೋಡುತ್ತಿದ್ದಾಳೆ, ಹಂಡೆಯಿಂದ ಹಬೆ ಏಳುತ್ತಿದೆ, ಆ ಹಬೆಯ ವಾಸನೆಗೆ ಮತ್ತೊಂದು ಹಂಡೆ, ನಲವತ್ತೊಂದರ ಹಸಿವಿನ ಡಿಸೆಂಬರು, ಇದೇ ಗ್ಲಾಶತ್ತೆ ಹಳೆಯ ತಟ್ಟೆ ಲಂಗಗಳನ್ನೆಲ್ಲ ಕತ್ತರಿಸಿ ಬಿಸಿನೀರಲ್ಲಿ ಅದ್ದಿ ಕುದಿಸಿದ್ದಳು, ಬಲೆಬಟ್ಟೆಗೆ ಹಾಕಿದ್ದ ಗಂಜಿಯೆಲ್ಲ ಬಿಟ್ಟು ನೀರು ಹಾಲಿನ ಹಾಗೆ ಬೆಳ್ಳಗಾಯಿತು, ಉಪ್ಪು ಹಾಕಿ ಊರಲ್ಲೇ ಉಳಿದಿದ್ದ ಒಬ್ಬೊಬ್ಬರಿಗೆ ಅರ್ಧ ಲೋಟ, ಕುಡೀರೇ, ಇದು ಒಂದನೇ ಅಂಕದ್ದು, ಎರಡನೇದು ನಾಳೆಗೆ ಎಂದಿದ್ದಳು, ಹಲ್ಲಿಗೆ ಸಿಕ್ಕ ನೂಲನ್ನು ಅಮ್ಮ ಬೆರಳಿನಿಂದ ತೆಗೆದು ಅದನ್ನೂ ಚೀಪಿದ್ದಳು — ಹಂಸದ ಲಂಗವನ್ನು ನಾನು ಉಡಲಿಲ್ಲ, ಕುಡಿದೆ, ಹಾಗೆಂದುಕೊಂಡು ರಿಮ್ಮಾಳಿಗೆ ನಗು ಬಂತು, ಏನೇ ನಗ್ತೀಯ ಎಂದು ಗ್ಲಾಶತ್ತೆ, ಏನಿಲ್ಲ ಅತ್ತೆ, ಕತ್ತರಿ ಕೊಡಿ. ಗ್ಲಾಶತ್ತೆ ಏಳಲಿಲ್ಲ. ಹೊಲಿ ಅಂದ್ರು, ಹೊಲಿದೆ ಎಂದಳು. ಬಿಚ್ಚು ಅಂತ ನನಗ್ಯಾರೂ ಹೇಳಿಲ್ಲ, ನಾನು ಬಿಚ್ಚಲ್ಲ, ಕೆಲಸ ಹೋಗುತ್ತೆ. ಆದರೆ ಒಂದೇ ದಾರದಲ್ಲಿ ಹಸಿಹೊಲಿಗೆ ಹಾಕಿದೀನಿ, ಗಂಟು ಬಲಗಡೆ ಇದೆ, ಕತ್ತರಿ ಯಾಕೆ ಬೇಕು. ರಿಮ್ಮಾ ಬಲಗಡೆ ತಡಕಿದಳು, ಗಂಟು ಸಿಕ್ಕಿತು, ಎಳೆದಳು, ದಾರ ಸೊಂಟದ ಸುತ್ತ ಸರಸರ ಹರಿದು ಬಂತು, ಲಂಗ ಕಾಲ ಬಳಿ ಬಿತ್ತು. ಅದನ್ನು ಎತ್ತಿ ಮಡಿಸಿ ಕುರ್ಚಿಯ ಮೇಲಿಟ್ಟಳು, ಒದೆಯಲಿಲ್ಲ, ಅತ್ತೆಯ ಕೈಕೆಲಸ.

ಹಗಲು ಹನ್ನೊಂದಕ್ಕೆ ವೇದಿಕೆಯ ದೀಪಗಳು ಮಂಕಾಗಿ ಕಾಣುತ್ತವೆ, ಪ್ರೇಕ್ಷಕರಿಲ್ಲದ ಸಾಲುಗಳಿಗೆ ಬಿಳಿ ಮುಸುಕು, ನಡುವಿನ ಒಂದು ಮೇಜಿನ ಹಿಂದೆ ಸಮಿತಿ, ಏಳು ಜನ, ಕುಜೊವ್ಕೊವ್ ಚಹಾಕ್ಕೆ ಸಕ್ಕರೆ ಕಲಕುತ್ತಿದ್ದಾನೆ, ಕೊನೆಯ ಕುರ್ಚಿಯಲ್ಲಿ ವರ್ವಾರಾ ನಿಕಾನೊರೊವ್ನಾ, ಎಪ್ಪತ್ತಾಯಿತು, ಬೆನ್ನು ಇನ್ನೂ ನೆಟ್ಟಗೆ, ಮುಂದೆ ನೋಟ್‌ಪುಸ್ತಕ, ಕೈಯಲ್ಲಿ ಪೆನ್ಸಿಲ್ಲು. ಪರದೆಯ ಮರೆಯಿಂದ ಗ್ಲೆಬ್ ಇವಳನ್ನು ಕಂಡ, ಇವತ್ತು ನಾಲ್ಕು ವಾದ್ಯಗಳ ಬದಲು ಕೂತಿದ್ದ ಪಿಯಾನೋದವನಿಗೆ ಶುರುಮಾಡು ಎಂದು ತಲೆಯಾಡಿಸಿದ, ಅಷ್ಟರ ಮಟ್ಟಿಗೆ ಗಂಡಸು. ಹೆಜ್ಜೆ, ಹೆಜ್ಜೆ, ಹನ್ನೆರಡು ಹುಡುಗಿಯರು ಎರಡಾಗಿ ಸೀಳಿ ದಾರಿ ಬಿಡುತ್ತಾರೆ, ಉಸಿರು, ಎಡಗಾಲು ಪಕ್ಕಕ್ಕೆ ಏಳಬೇಕು, ನಿಧಾನ, ಹೆಬ್ಬೆರಳಿನಿಂದ ಹೊರಟು ಪಾದ, ಮಂಡಿ, ತೊಡೆ, ದೀಪ ಬಲಗಡೆಯಿಂದ ಬೀಳುತ್ತದೆ, ಆ ತಗ್ಗಿನಲ್ಲಿ ಕಪ್ಪು ನೆರಳು ತುಂಬಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತು, ಕನ್ನಡಿಯಲ್ಲಿ ನಾಲ್ಕು ತಿಂಗಳು ನೋಡಿದ್ದಾಳೆ, ತುಂಬಲಿ, ಮೇಲೆ, ಇನ್ನೂ ಮೇಲೆ — ಚಮಚ ಲೋಟಕ್ಕೆ ತಾಗಿ ನಿಂತಿತು. ಮೇಜಿನ ಕೊನೆಯಲ್ಲಿ ಪೆನ್ಸಿಲ್ಲು ಪುಸ್ತಕದ ಮೇಲೆ ಮಲಗಿತು. ಅವಳು ಕಂಡಳು, ತಿರುಗುತ್ತಲೇ ಕಂಡಳು, ಮುಂದಿನ ಹನ್ನೊಂದು ನಿಮಿಷವೂ ಅದು ಹಾಗೇ ಮಲಗಿತ್ತು, ಇದೇನಾಯಿತು, ಗುರುಗಳು, ತಪ್ಪು ಹುಡುಕದೆ ಒಂದು ಕ್ಷಣ ಕೂತವರಲ್ಲ, ಸಾವಿನ ಮನೆಯಲ್ಲಿ ಕೂತ ಹಾಗೆ ಕೈ ಮಡಿಲಲ್ಲಿಟ್ಟು ಕೂತಿದ್ದಾರೆ.

ಸಂಗೀತ ನಿಂತ ಮೇಲೆ ಕುಜೊವ್ಕೊವ್ ಎದ್ದು ನಿಂತ, ದೊಡ್ಡ ಆಸಾಮಿ, ದನಿ ಚಿಕ್ಕದಾಗಿತ್ತು, ಅದು ದಿಗ್ಬಂಧನದ ಗಾಯವೇನಮ್ಮಾ. ಹೌದೆಂದಳು. ನನ್ನ ತಂಗಿ ಆಗ ಇಲ್ಲೇ ತೀರಿಹೋದಳು ಎಂದ, ಕನ್ನಡಕ ತೆಗೆದು ಒರೆಸಿದ, ಆಮೇಲೆ ಸಮಿತಿಯ ಕಡೆ ತಿರುಗಿ, ನನ್ನ ಆಕ್ಷೇಪ ಇಲ್ಲ, ಈ ನಗರದ ಮೇಲಿನ ಗೌರವದಿಂದ ಹೀಗೇ ಹೋಗಲಿ, ಲಂಗ ಬೇಡ. ಪಕ್ಕದ ಪರದೆಯ ಮರೆಯಲ್ಲಿ ಗ್ಲೆಬ್ ಗೋಡೆಗೆ ಒರಗಿದ, ಗೆದ್ದೆವು ಎಂದು ಹುಡುಗಿಯರು ಒಬ್ಬರ ಕೈ ಒಬ್ಬರು ಹಿಸುಕಿದರು, ಅಷ್ಟಕ್ಕೇ ಬಿಡಬಹುದಿತ್ತು, ತಲೆಬಾಗಿ ಒಳಗೆ ಹೋಗಬಹುದಿತ್ತು, ಮತ್ತೆ ಗುರುವಿನ ಕೈಗೆ ಮುತ್ತಿಡಬಹುದಿತ್ತು — ಪೆನ್ಸಿಲ್ಲು ಮಲಗಿದೆ — ಇವನ ಗೌರವಕ್ಕೆ ನಾಲ್ಕು ತಿಂಗಳು ಕುಣಿದೆನೇ, ಈ ಕಾಲನ್ನು ಮೊದಲು ಲಂಗದಿಂದ ಮುಚ್ಚಿದರು, ಈಗ ಗೌರವದಿಂದ ಮುಚ್ಚುತ್ತಿದ್ದಾರೆ, ನಾಳೆ ಜನ ಬಂದು ಗಾಯ ನೋಡಿ ಕಣ್ಣೊರೆಸಿಕೊಂಡು ಹೋಗುತ್ತಾರೆ, ಕುಣಿತ ಮತ್ತೆ ಯಾರಿಗೂ ಕಾಣುವುದಿಲ್ಲ. ಅವಳಿಗೆ ಉಸಿರಿನ್ನೂ ಸರಿಯಾಗಿರಲಿಲ್ಲ. ವರ್ವಾರಾ ನಿಕಾನೊರೊವ್ನಾ, ನೀವೇನೂ ಬರೆದುಕೊಳ್ಳಲಿಲ್ಲ ಎಂದಳು. ಮುದುಕಿ ತಲೆಯೆತ್ತಿದರು. ಏನು ಬರೀಲಿ ಮಗೂ. ತಪ್ಪು ಬರೀರಿ. ಬೇರೆಯವರದು ಬರೀತೀರಲ್ಲ ಹಾಗೆ. ಇದು ನಾನು ಇನ್ನೊಂದು ಸಲ ಮಾಡ್ತೀನಿ, ಗಾಯ ಆಗಲೇ ನೋಡಿಯಾಯ್ತು, ಈಗ ಕುಣಿತ ನೋಡಿ. ಕುಜೊವ್ಕೊವ್ ಏನೋ ಹೇಳಲು ಹೋದ, ಮುದುಕಿ ಅವನ ಕಡೆ ನೋಡದೆಯೇ ಅಂಗೈ ಎತ್ತಿ ತಡೆದರು. ಪಿಯಾನೋ ಅಂದರು.

ಎರಡನೆಯ ಸಲ ಕಾಲು ಭಾರ, ಬಿಲ್ಲೆ ಎಲುಬನ್ನು ಕೊರೆಯುತ್ತಿದೆ, ಇರಲಿ, ಹೆಬ್ಬೆರಳು, ಪಾದ, ಮಂಡಿ, ಮೇಲೆ, ಹಿಡಿ, ಬಿಡಬೇಡ, ಕಣ್ಣಂಚಿನಲ್ಲಿ ಮೇಜಿನ ಕೊನೆ ಸರಿದುಹೋಗುತ್ತದೆ, ಪೆನ್ಸಿಲ್ಲು ಇನ್ನೂ ಮಲಗಿದೆ, ತಿರುವು, ಮತ್ತೆ ಮೇಜು, ಮಲಗಿಲ್ಲ, ಬೆರಳಿನ ನಡುವೆ ನಿಂತಿದೆ, ತಿರುವು, ಏನೋ ಜಾರಿತು, ಸೊಂಟ, ಅವಳಿಗೇ ಗೊತ್ತಾಯಿತು, ಮತ್ತೆ ಮೇಜು, ಪೆನ್ಸಿಲ್ಲು ಕಾಗದಕ್ಕೆ ಇಳಿದಿದೆ, ಬರೆಯುತ್ತಿದೆ. ಮುಗಿದಾಗ ಯಾರೂ ಎದ್ದು ನಿಲ್ಲಲಿಲ್ಲ. ವರ್ವಾರಾ ನಿಕಾನೊರೊವ್ನಾ ಪುಸ್ತಕದಿಂದ ತಲೆಯೆತ್ತದೆ ಓದಿದರು, ಪಾಠದ ಕೋಣೆಯಲ್ಲಿ ಓದುವ ಅದೇ ಒಣ ದನಿ, ಎರಡನೇ ತಿರುವಲ್ಲಿ ಎಡ ಸೊಂಟ ಇಳಿಯುತ್ತೆ. ಕತ್ತು ಬಿಗಿ. ಕೈ ಇನ್ನೂ ಅಳ್ತಾ ಇದೆ, ಹಳೇ ಚಾಳಿ, ಬಿಡು. ಮೊದಲ ಪ್ರದರ್ಶನಕ್ಕೆ ಎರಡು ವಾರ ಇದೆ, ನಾಳೆ ಒಂಬತ್ತಕ್ಕೆ ನನ್ನ ಕೋಣೆಗೆ ಬಾ. ಆಮೇಲೆ ಕುಜೊವ್ಕೊವ್‌ಗೆ, ಲಂಗ ಇದ್ದಿದ್ರೆ ಆ ಸೊಂಟ ನನಗೆ ಕಾಣ್ತಿರಲಿಲ್ಲ ಸ್ವಾಮಿ, ಲಂಗ ಬೇಡ, ಅದನ್ನೇ ಕಾರಣ ಅಂತ ಬರ್ಕೊಳ್ಳಿ. ಅವನು ಬರೆದುಕೊಂಡ. ಏಳು ಜನ ಸಹಿ ಹಾಕಿದರು, ಗ್ಲೆಬ್ ಓಡಿ ಬಂದು ಏನೇನೋ ಹೇಳುತ್ತಿದ್ದಾನೆ, ರಿಮ್ಮಾಳ ಕಿವಿಗೆ ಬೀಳುತ್ತಿಲ್ಲ, ಸೊಂಟ ಇಳಿಯುತ್ತದೆ, ಹೌದು ಇಳಿಯಿತು, ಹದಿನೈದು ವರ್ಷದಿಂದ ಇಳಿಯುತ್ತಿತ್ತೋ ಏನೋ, ಯಾರು ಕಂಡವರು, ಮುದುಕಿ ಇನ್ನೂ ತಲೆಯೆತ್ತಿಲ್ಲ, ಇನ್ನೂ ತಪ್ಪುಗಳಿವೆ ಅಂತಾಯಿತು, ಪುಟ ಮಗುಚಿದರು, ಮೊನೆ ಸವೆದಿದೆ, ಒತ್ತಿ ಒತ್ತಿ, ಪೆನ್ಸಿಲ್ಲು ಬರೆಯುತ್ತಿದೆ, ಬರೆಯುತ್ತಲೇ ಇದೆ